ಅಗಲಿ ಕೂಡುವ ಲೆಕ್ಕಗಳು

ಹುಬ್ಬಳ್ಳಿ-ಧಾರವಾಡಗಳನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ಒಂದರ ವ್ಯಾಪಾರವನ್ನೂ ಮತ್ತೊಂದರ ವಿದ್ಯೆಯನ್ನೂ ಕೊಂಡಾಡುವುದು ರೂಢಿ. ಆದರೆ ಈ ಅವಳಿ ನಗರಕ್ಕೆ ಮೂರನೆಯದೊಂದು ಸ್ವರೂಪವೂ ಉಂಟು. ದೂರದೂರದ ಊರುಗಳ ಲೆಕ್ಕವನ್ನು ತನ್ನಲ್ಲಿ ಇರಿಸಿಕೊಂಡಿರುವ ಕಚೇರಿಗಳ ನಗರವಿದು. 1997ರಲ್ಲಿ ರೂಪುಗೊಂಡ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿದೆ. 2002ರಲ್ಲಿ ಹುಟ್ಟಿ, ಧಾರವಾಡ, ಬೆಳಗಾವಿ, ಗದಗ, ಹಾವೇರಿ, ಉತ್ತರ ಕನ್ನಡ, ವಿಜಯಪುರ, ಬಾಗಲಕೋಟೆ ಎಂಬ ಏಳು ಜಿಲ್ಲೆಗಳಿಗೆ ವಿದ್ಯುತ್ತನ್ನು ವಿತರಿಸುತ್ತಿರುವ ಹೆಸ್ಕಾಂ ಸಂಸ್ಥೆಯ ಕೇಂದ್ರ ಕಚೇರಿ ಅಲ್ಲಿಯ ನವನಗರದಲ್ಲಿದೆ. 2003ರ ಏಪ್ರಿಲ್ 1ರಂದು ಕಾರ್ಯಾರಂಭ ಮಾಡಿದ ನೈಋತ್ಯ ರೈಲ್ವೆ ವಲಯದ ಕೇಂದ್ರಸ್ಥಾನವೂ ಹುಬ್ಬಳ್ಳಿಯೇ. ಈ ಮೂರೂ ಸಂಸ್ಥೆಗಳ ಕೆಲಸ ನಡೆಯುವುದು ಬಹುಮಟ್ಟಿಗೆ ಕೇಂದ್ರ ಕಚೇರಿಯ ಹೊರಗೆ. ನವಲಗುಂದದ ಎರೆಭೂಮಿಯ ಹಳ್ಳಿಯಲ್ಲಿ, ಜೋಯಿಡಾದ ಕಾಡಿನ ಮನೆಯಂಗಳದಲ್ಲಿ, ಘಟ್ಟವಿಳಿಯುವ ರೈಲಿನ ಡಬ್ಬಿಯಲ್ಲಿ. ಅಲ್ಲಿ ನಡೆದ ವ್ಯವಹಾರವು ಇಲ್ಲಿನ ಲೆಕ್ಕದಲ್ಲಿ ತಪ್ಪಿಲ್ಲದೆ ಮೂಡಬೇಕು. ಇಲ್ಲಿ ಆದ ನಿರ್ಣಯವು ಅಲ್ಲಿರುವ ನೌಕರನ ಕೈಗೆ ಸಕಾಲದಲ್ಲಿ ತಲಪಬೇಕು. ಒಂದೇ ಸಂಗತಿಯನ್ನು ಹಲವು ಸ್ಥಳಗಳಲ್ಲಿ ಬರೆದಿಟ್ಟಾಗ ಆ ಬರೆಹಗಳೆಲ್ಲ ಪರಸ್ಪರ ಹೊಂದಿಕೊಂಡಿರುವಂತೆ ನೋಡಿಕೊಳ್ಳುವ ಈ ಕಾರ್ಯಕ್ಕೆ ಇಂದಿನ ಗಣಕ ಪ್ರಪಂಚದವರು ‘ಸಿಂಕ್’ ಎನ್ನುತ್ತಾರೆ; ನಾವು ದತ್ತಾಂಶ ಸಮನ್ವಯವೆನ್ನೋಣ.

ಈ ಸಮಸ್ಯೆ ಗಣಕಯಂತ್ರಗಳೊಡನೆ ಹುಟ್ಟಿದುದಲ್ಲ. ಧಾರವಾಡ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಊರಿನ ಕುಲಕರ್ಣಿಯ ದಫ್ತರ ಒಂದಾದರೆ ತಾಲ್ಲೂಕಿನ ಮಾಮಲೇದಾರರ ಕಚೇರಿಯ ದಫ್ತರ ಮತ್ತೊಂದಾಗಿತ್ತು. ವರ್ಷಕ್ಕೊಮ್ಮೆ ನಡೆಯುತ್ತಿದ್ದ ಜಮಾಬಂದಿಯಲ್ಲಿ ಎರಡನ್ನೂ ತಾಳೆ ನೋಡಿ, ವ್ಯತ್ಯಾಸ ಕಂಡಲ್ಲಿ ವಿಚಾರಿಸಿ, ತೀರ್ಮಾನವನ್ನು ಬರೆದಿಡುತ್ತಿದ್ದರು. ಎರಡು ತಾಳೆಗಳ ನಡುವಣ ಅವಧಿಯಲ್ಲಿ ಆ ಪುಸ್ತಕಗಳು ತಮ್ಮ ತಮ್ಮ ಹಾದಿಯಲ್ಲಿ ನಡೆದಿರುತ್ತಿದ್ದವು. ಇಂದು ಆ ಅವಧಿಯು ವರ್ಷದಿಂದ ದಿನಕ್ಕೆ, ದಿನದಿಂದ ಕ್ಷಣಕ್ಕೆ ಇಳಿದಿದೆಯಾದರೂ ಅದು ಪೂರ್ಣವಾಗಿ ಇಲ್ಲವಾಗಿಲ್ಲ, ಆಗುವುದೂ ಇಲ್ಲ. ಆದುದರಿಂದ ಅಂದಿನ ಪ್ರಶ್ನೆ ಇಂದಿಗೂ ಹಾಗೆಯೇ ನಿಂತಿದೆ: ಎರಡು ಪುಸ್ತಕಗಳು ಬೇರೆ ಬೇರೆ ಮಾತನ್ನು ಹೇಳಿದಾಗ ಯಾವುದರ ಮಾತು ನಿಲ್ಲಬೇಕು, ಮತ್ತು ಅದನ್ನು ನಿರ್ಧರಿಸುವವರು ಯಾರು?

ಮನೆಬಾಗಿಲಿಗೆ ಬರುವ ಮೀಟರ್ ರೀಡರನ ಕೆಲಸವನ್ನು ಗಮನಿಸಿದರೆ ಈ ಸಮನ್ವಯದ ಅಂಗಾಂಗಗಳೆಲ್ಲ ಸ್ಪಷ್ಟವಾಗಿ ಕಾಣುತ್ತವೆ. ಹಳ್ಳಿಗಳಲ್ಲಿ ಈ ಕಾರ್ಯವನ್ನು ಗ್ರಾಮ ವಿದ್ಯುತ್ ಪ್ರತಿನಿಧಿಗಳು ಮಾಡುವುದುಂಟು. ಜನರ ಬಾಯಲ್ಲಿ ಮಾತ್ರ ಇವರೆಲ್ಲರೂ ಇಂದಿಗೂ ಹಳೆಯ ವಿದ್ಯುತ್ ಮಂಡಳಿಯ ಹೆಸರಿನ ‘ಕೆಇಬಿಯವರೇ’. ರೀಡರನ ಕೈಯಲ್ಲಿರುವ ಯಂತ್ರವು ಮೀಟರಿನ ಇಂದಿನ ಅಂಕಿಯನ್ನು ಪಡೆದು ಸ್ಥಳದಲ್ಲಿಯೇ ಬಿಲ್ಲನ್ನು ಮುದ್ರಿಸಿಕೊಡುತ್ತದೆ. ಹಾಗೆ ಮುದ್ರಿಸಬೇಕಾದರೆ ಆ ಮನೆಯ ಸಂಪರ್ಕವನ್ನು ಗುರುತಿಸುವ ಆರ್‌ಆರ್ ನಂಬರು, ಹಿಂದಿನ ತಿಂಗಳ ಅಂಕಿ, ಉಳಿದ ಬಾಕಿ, ಅನ್ವಯಿಸುವ ದರ ಇವೆಲ್ಲವೂ ಅದಕ್ಕೆ ಮೊದಲೇ ತಿಳಿದಿರಬೇಕಷ್ಟೆ. 2023ರ ಜುಲೈ ತಿಂಗಳ ಬಳಕೆಯಿಂದ ಗೃಹಜ್ಯೋತಿ ಯೋಜನೆ ಜಾರಿಗೆ ಬಂದ ಮೇಲೆ ಮತ್ತೊಂದು ಅಂಕಿಯೂ ಇದರೊಡನೆ ಸೇರಿತು. 2022-23ನೆಯ ಸಾಲಿನಲ್ಲಿ ಆ ಮನೆಯ ಮಾಸಿಕ ಬಳಕೆಯ ಸರಾಸರಿ ಎಷ್ಟೋ ಅದಕ್ಕೆ ಶೇಕಡಾ 10ನ್ನು ಕೂಡಿಸಿ, 200 ಯೂನಿಟ್ಟುಗಳ ಮಿತಿಯೊಳಗೆ ಉಚಿತವಾಗಿ ಕೊಡತಕ್ಕದ್ದೆಂದು ಮೂಲ ನಿಯಮ. ಸರಾಸರಿಯು 48 ಯೂನಿಟ್ಟಿಗಿಂತ ಕಡಮೆಯಿರುವ ಮನೆಗಳಿಗೆ ಶೇಕಡಾವಾರಿಗೆ ಬದಲಾಗಿ 10 ಯೂನಿಟ್ಟುಗಳನ್ನೇ ಹೆಚ್ಚಿಗೆ ಕೊಡಬೇಕೆಂದು 2024ರಲ್ಲಿ ಅದು ತಿದ್ದುಪಡಿಯಾಯಿತು. ಒಂದೊಂದು ಮನೆಗೆ ಒಂದೊಂದು ಮಿತಿ! ಆ ಮಿತಿಯನ್ನು ಗಣಿಸುವುದು ಕೇಂದ್ರದ ಲೆಕ್ಕ; ಅನ್ವಯಿಸುವುದು ಅಂಗಳದಲ್ಲಿ ನಿಂತ ಯಂತ್ರ. ಬೆಂಗಳೂರಿನಲ್ಲಿ ತಿದ್ದಿದ ನಿಯಮವು ಆ ಯಂತ್ರಕ್ಕೆ ಇಳಿಯದಿದ್ದಲ್ಲಿ ಬಡವನೊಬ್ಬನು ಕೊಡಬೇಕಿಲ್ಲದ ಹಣವನ್ನು ಕೊಡುವ ಪ್ರಸಂಗ ಒದಗುತ್ತದೆ.

ಕಾಡಿನ ನಡುವೆ ನೆಟ್‌ವರ್ಕ್ ದೊರೆಯದ ಕಡೆಯೂ ಈ ಕೆಲಸ ನಡೆಯಬೇಕಾಗಿರುವುದರಿಂದ, ಯಂತ್ರವು ಮೂರು ಅವಸ್ಥೆಗಳಲ್ಲಿ ದುಡಿಯುವಂತೆ ಅದನ್ನು ಅಣಿಗೊಳಿಸಬೇಕಾಗುತ್ತದೆ. ಹೊರಡುವ ಮುನ್ನ ತನಗೆ ಬೇಕಾದುದನ್ನೆಲ್ಲ ಕೇಂದ್ರದಿಂದ ಇಳಿಸಿಕೊಂಡು ಸಂಗ್ರಹಿಸುವುದು ಮೊದಲನೆಯದು. ಸಂಪರ್ಕವಿಲ್ಲದಾಗ ಆ ಸಂಗ್ರಹವನ್ನೇ ಆಧಾರವಾಗಿಟ್ಟುಕೊಂಡು ಸ್ವತಂತ್ರವಾಗಿ ಕೆಲಸ ಮಾಡುವುದು ಎರಡನೆಯದು. ಸಂಪರ್ಕ ಮರಳಿದ ಕೂಡಲೇ ನಡೆದುದನ್ನೆಲ್ಲ ಕೇಂದ್ರಕ್ಕೆ ಒಪ್ಪಿಸುವುದು ಮೂರನೆಯದು. ಈ ಕ್ರಮವನ್ನು ಶಾಸ್ತ್ರೀಯವಾಗಿ ನಿರೂಪಿಸಿದವರಲ್ಲಿ ಅಗ್ರಗಣ್ಯರು, ಮದರಾಸಿನ ಐಐಟಿಯಲ್ಲಿ ಓದಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದ ಮಹಾದೇವ್ ಸತ್ಯನಾರಾಯಣನ್ ಅವರು. 1980ರ ದಶಕದ ಉತ್ತರಾರ್ಧದಲ್ಲಿ ಅವರೂ ಅವರ ಶಿಷ್ಯರೂ ‘ಕೋಡಾ’ ಎಂಬ ವ್ಯವಸ್ಥೆಯನ್ನು ನಿರ್ಮಿಸಿ, ಕೇಂದ್ರದ ಸಂಪರ್ಕ ಕಡಿದುಹೋದರೂ ಬಳಸುವವನ ಕೆಲಸ ನಿಲ್ಲಬೇಕಾಗಿಲ್ಲವೆಂಬುದನ್ನು ಪ್ರಯೋಗದಿಂದಲೇ ತೋರಿಸಿಕೊಟ್ಟರು. ಇದಕ್ಕೆ ವಿರುದ್ಧವಾದ ಚಿತ್ರವನ್ನು ನಾವು ನ್ಯಾಯಬೆಲೆ ಅಂಗಡಿಗಳ ಮುಂದೆ ಕಂಡಿದ್ದೇವೆ. ಬೆರಳಚ್ಚು ಕೊಡಲು ಕೂಲಿ ಬಿಟ್ಟು ಬಂದು ಸಾಲಿನಲ್ಲಿ ನಿಂತ ತಾಯಂದಿರಿಗೆ ‘ಸರ್ವರ್ ಡೌನ್ ಐತ್ರಿ, ನಾಳೆ ಬರ್ರಿ’ ಎಂಬ ಉತ್ತರ. ಸಂಪರ್ಕ ಕಡಿಯುವುದು ಸಹಜವೆಂದು ಮೊದಲೇ ಎಣಿಸದೆ ಕಟ್ಟಿದ ವ್ಯವಸ್ಥೆಯಲ್ಲಿ ಅದರ ಭಾರವು ಯಾವಾಗಲೂ ಸಾಲಿನಲ್ಲಿ ನಿಂತವರ ಮೇಲೆಯೇ ಬೀಳುತ್ತದೆ.

ಲೆಕ್ಕವು ಮರಳಿ ಬರುವ ಬಗೆಯೂ ತಿಳಿಯತಕ್ಕದ್ದೇ. ಯಂತ್ರವು ತನ್ನಲ್ಲಿರುವ ಸಮಸ್ತವನ್ನೂ ಪ್ರತಿ ಬಾರಿಯೂ ಕಳುಹಿಸುವುದಿಲ್ಲ. ಹಿಂದಿನ ಸಮನ್ವಯದ ತರುವಾಯ ಹೊಸದಾಗಿ ಸೇರಿದುದು ಯಾವುದು, ಬದಲಾದುದು ಯಾವುದು ಎಂಬುದನ್ನಷ್ಟೇ ಆರಿಸಿ, ಸಾಲಾಗಿ ನಿಲ್ಲಿಸಿ, ಒಂದೊಂದನ್ನೇ ಸಾಗಿಸುತ್ತದೆ. ಕೇಂದ್ರವು ‘ಮುಟ್ಟಿತು’ ಎಂದು ಮರುನುಡಿ ಕೊಟ್ಟ ಮೇಲೆಯೇ ಅದನ್ನು ಸಾಲಿನಿಂದ ತೆಗೆಯುತ್ತದೆ. ಆದರೆ ಲೆಕ್ಕ ಮುಟ್ಟಿದ್ದೂ ಮರುನುಡಿಯೊಂದೇ ದಾರಿಯಲ್ಲಿ ಕಳೆದುಹೋದರೇನು ಗತಿ? ಯಂತ್ರವು ಅದನ್ನು ಮತ್ತೆ ಕಳುಹಿಸುತ್ತದೆ. ಕೇಂದ್ರವು ಎಚ್ಚರವಾಗಿರದಿದ್ದರೆ ಒಂದೇ ವ್ಯವಹಾರ ಎರಡಾಗಿ ದಾಖಲಾಗುತ್ತದೆ. ಆದಕಾರಣ ಪ್ರತಿಯೊಂದು ದಾಖಲೆಗೂ ಅದು ಹುಟ್ಟಿದ ಯಂತ್ರದಲ್ಲಿಯೇ ಬೇರಾವುದಕ್ಕೂ ಇಲ್ಲದ ಒಂದು ಗುರುತಿನ ಸಂಖ್ಯೆಯನ್ನು ಕೊಟ್ಟು, ಅದೇ ಸಂಖ್ಯೆ ಎಷ್ಟು ಸಲ ಬಂದರೂ ಒಮ್ಮೆಯೇ ಬಂದಂತೆ ಭಾವಿಸಬೇಕೆಂಬ ನಿಯಮವನ್ನು ಮಾಡಿರುತ್ತಾರೆ. ಮೊಬೈಲಿನಿಂದ ಯುಪಿಐ ಮೂಲಕ ಹಣ ಕಳುಹಿಸುವಾಗ ಪರದೆಯಲ್ಲಿ ಮೂಡುವ ಉದ್ದನೆಯ ವಹಿವಾಟು ಸಂಖ್ಯೆಯ ಪ್ರಯೋಜನಗಳಲ್ಲಿ ಇದೂ ಒಂದು.

ಇನ್ನು ಬಸ್ಸಿನ ಕಂಡಕ್ಟರರ ಟಿಕೆಟ್ ಮಷಿನನ್ನು ನೋಡೋಣ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದಂದಿನಿಂದ ರಾಜ್ಯದೊಳಗೆ ಪಯಣಿಸುವ ಹೆಣ್ಣುಮಕ್ಕಳಿಗೆ ಕೊಡುವ ಶೂನ್ಯ ದರದ ಟಿಕೆಟ್ಟೂ ಈ ಯಂತ್ರದಿಂದಲೇ ಹೊರಡುತ್ತದೆ. ಹಣ ಪಡೆಯದ ಈ ಟಿಕೆಟ್ಟುಗಳ ಲೆಕ್ಕವೇ ಸರ್ಕಾರದಿಂದ ಸಂಸ್ಥೆಗೆ ಬರಬೇಕಾದ ಮೊಬಲಗಿಗೆ ಆಧಾರವಾದುದರಿಂದ, ಒಂದು ಶೂನ್ಯ ಕಳೆದುಹೋದರೂ ಅದು ನಷ್ಟವೇ. ಸುದೈವದಿಂದ ಟಿಕೆಟ್ಟಿನ ಲೆಕ್ಕವು ಸಮನ್ವಯಕ್ಕೆ ಸುಲಭವಾಗಿ ಒಗ್ಗುವಂಥದು. ಒಮ್ಮೆ ಕೊಟ್ಟ ಟಿಕೆಟ್ಟನ್ನು ಬೇರೊಬ್ಬರು ತಿದ್ದುವುದಿಲ್ಲ. ಹೊಸದು ಸೇರುತ್ತದೆ, ಅಷ್ಟೆ. ಕಲಘಟಗಿಯ ಬಸ್ಸಿನ ಲೆಕ್ಕ ಮೊದಲು ಬಂದರೂ ಸರಿ, ಕುಂದಗೋಳದ ಬಸ್ಸಿನದು ಮೊದಲು ಬಂದರೂ ಸರಿ, ಕೂಡಿದ ಮೊತ್ತ ಒಂದೇ. ಯಾವ ಕ್ರಮದಲ್ಲಿ ಸೇರಿಸಿದರೂ ಒಂದೇ ಫಲವನ್ನು ಕೊಡುವಂತೆ ದತ್ತಾಂಶವನ್ನು ರಚಿಸಿಕೊಂಡರೆ ಜಗಳಕ್ಕೆ ಅವಕಾಶವೇ ಇರದೆಂಬ ಈ ತತ್ತ್ವವನ್ನು ಫ್ರಾನ್ಸಿನ ಮಾರ್ಕ್ ಶಪಿರೋ ಮತ್ತು ಅವರ ಸಂಗಡಿಗರು 2011ರಲ್ಲಿ ಗಣಿತದ ಶಿಸ್ತಿನಿಂದ ಪ್ರತಿಪಾದಿಸಿದರು.

ರೈಲಿನ ವಿಷಯ ಹಾಗಲ್ಲ. ಹುಬ್ಬಳ್ಳಿಯಿಂದ ವಾಸ್ಕೋ ಕಡೆಗೆ ಹೊರಟ ರೈಲು ಧಾರವಾಡ, ಅಳ್ನಾವರ, ಲೋಂಡಾಗಳನ್ನು ದಾಟಿ ಕ್ಯಾಸಲ್‌ರಾಕ್‌ನಿಂದ ಕುಳೆಯವರೆಗೆ ಸುರಂಗಗಳ ಸಾಲಿನಲ್ಲಿ ಘಟ್ಟವನ್ನು ಇಳಿಯುತ್ತದೆ. ಟಿಕೆಟ್ ತಪಾಸಣೆಯವರ ಕೈಯಲ್ಲಿ ಈಗ ಕಾಗದದ ಪಟ್ಟಿಗೆ ಬದಲಾಗಿ ಸಣ್ಣ ಯಂತ್ರವಿರುತ್ತದೆ. ಪ್ರಯಾಣಿಕನು ಬಾರದೆ ತೆರವಾದ ಬರ್ತನ್ನು ಅದರಲ್ಲಿ ಗುರುತು ಮಾಡಿದರೆ ಮುಂದಣ ನಿಲ್ದಾಣದಲ್ಲಿ ಕಾದಿರುವವರಿಗೆ ಅದು ದೊರೆಯುತ್ತದೆ. ಇರುವುದು ಒಂದೇ ಬರ್ತು, ಬೇಡುವವರು ಇಬ್ಬರು. ಆ ಗಳಿಗೆಯಲ್ಲಿ ಸಂಪರ್ಕ ಕಡಿದಿದೆಯೆಂದುಕೊಳ್ಳೋಣ. ತಪಾಸಕರು ಅದನ್ನು ರೈಲಿನಲ್ಲಿದ್ದವನಿಗೆ ಕೊಟ್ಟು, ಕೇಂದ್ರವು ಮತ್ತೊಬ್ಬನಿಗೆ ಕೊಟ್ಟರೆ, ತರುವಾಯ ಎಂಥ ಸಮನ್ವಯವೂ ಇಬ್ಬರನ್ನು ಒಂದೇ ಹಲಗೆಯ ಮೇಲೆ ಮಲಗಿಸಲಾರದು. ಹೀಗೆ ಸಂಪರ್ಕ ತುಂಡಾದಾಗ ಎರಡೇ ದಾರಿಗಳು: ಖಚಿತತೆ ಬೇಕಾದರೆ ಕಾಯಬೇಕು, ಕಾಯಲಾಗದಿದ್ದರೆ ತಪ್ಪಿನ ಸಂಭವವನ್ನು ಒಪ್ಪಿಕೊಳ್ಳಬೇಕು. ಬರ್ಕ್ಲಿಯ ಎರಿಕ್ ಬ್ರೂವರ್ 2000ದಲ್ಲಿ ಮುಂದಿಟ್ಟ ಈ ವಿಚಾರವನ್ನು 2002ರಲ್ಲಿ ಸೇತ್ ಗಿಲ್ಬರ್ಟ್ ಮತ್ತು ನ್ಯಾನ್ಸಿ ಲಿಂಚ್ ಸಿದ್ಧಪ್ರಮೇಯವಾಗಿ ಸಾಧಿಸಿದರು. ಎಷ್ಟು ಹಣ ಸುರಿದರೂ ಎಷ್ಟು ಜಾಣ ತಂತ್ರಜ್ಞರನ್ನು ಕೂಡಿಸಿದರೂ ಮೀರಲಾಗದ ಮಿತಿಯಿದು. ಎಲ್ಲಿ ಕಾಯಬೇಕು, ಎಲ್ಲಿ ಕಾಯಬಾರದು ಎಂಬುದನ್ನು ವಿವೇಕದಿಂದ ಆರಿಸಿಕೊಳ್ಳುವುದಷ್ಟೇ ಮನುಷ್ಯನಿಗೆ ಉಳಿದ ಸ್ವಾತಂತ್ರ್ಯ.

ಕಡೆಗೆ ಬಂದುದೇ ನಿಜವೆಂದು ಹಿಡಿದರಾಯಿತಲ್ಲ ಎಂದು ಕೆಲವರು ಹೇಳಬಹುದು. ಅನೇಕ ವ್ಯವಸ್ಥೆಗಳು ಹಾಗೆಯೇ ಮಾಡುತ್ತವೆ. ಆದರೆ ‘ಕಡೆಗೆ’ ಎಂಬುದನ್ನು ಅಳೆಯುವ ಗಡಿಯಾರ ಯಾವುದು? ಒಂದು ಮೊಬೈಲಿನ ಗಡಿಯಾರ ಹತ್ತು ನಿಮಿಷ ಮುಂದಿದ್ದರೆ ಅದರ ಹಳೆಯ ಮಾತೂ ಇತರರ ಹೊಸ ಮಾತನ್ನು ಅಳಿಸಿಬಿಡುತ್ತದೆ. ಲೆಸ್ಲಿ ಲ್ಯಾಂಪೋರ್ಟ್ ಎಂಬ ವಿದ್ವಾಂಸರು 1978ರ ಪ್ರಬಂಧವೊಂದರಲ್ಲಿ ಇದಕ್ಕೆ ಪರಿಹಾರವನ್ನು ಸೂಚಿಸಿದರು: ಗಂಟೆ ನಿಮಿಷಗಳನ್ನು ನೆಚ್ಚದೆ, ಯಾವ ಘಟನೆಯ ಅರಿವು ಯಾವ ಘಟನೆಗೆ ತಲಪಿತ್ತೆಂಬ ಕಾರ್ಯಕಾರಣ ಸಂಬಂಧದಿಂದ ಪೂರ್ವಾಪರಗಳನ್ನು ನಿರ್ಣಯಿಸಬೇಕು. ಹಿಂದಿನ ಬರೆಹವನ್ನು ನೋಡಿ ತಿದ್ದಿದವನ ಮಾತು ತಿದ್ದುಪಡಿ. ನೋಡದೆ ಬರೆದವನ ಮಾತು ಭಿನ್ನಾಭಿಪ್ರಾಯ. ತಿದ್ದುಪಡಿಯನ್ನು ಯಂತ್ರವು ಒಪ್ಪಿಕೊಳ್ಳಬಹುದು. ಭಿನ್ನಾಭಿಪ್ರಾಯವನ್ನು ಮಾತ್ರ ವಿಚಾರಿಸಿಯೇ ತೀರಿಸಬೇಕು.

ಈ ಭೇದ ಎಷ್ಟು ಗಹನವಾದುದೆಂಬುದು ನಮ್ಮ ರೈತರಿಗೆ ಅನುಭವದಿಂದ ತಿಳಿದಿದೆ. ಹೊಲ ಯಾರದೆಂಬುದು, ಜನರು ಉತಾರ ಎಂದು ಕರೆಯುವ ಪಹಣಿಯಲ್ಲಿ, ಅಂದರೆ ಭೂದಾಖಲೆಗಳ ‘ಭೂಮಿ’ ತಂತ್ರಾಂಶದಲ್ಲಿದೆ. ಹೊಲದಲ್ಲಿ ಏನು ಬೆಳೆದಿದೆಯೆಂಬುದು ಬೆಳೆ ಸಮೀಕ್ಷೆಯ ಮೊಬೈಲ್ ಆ್ಯಪಿನಿಂದ ಬರುತ್ತದೆ. ಯಾವ ಬೆಳೆಗೆ ವಿಮೆ ಮಾಡಿಸಿದೆಯೆಂಬುದು ಸಂರಕ್ಷಣೆ ಪೋರ್ಟಲಿನಲ್ಲಿರುತ್ತದೆ. ಹಣ ಸೇರಬೇಕಾದುದು ಬ್ಯಾಂಕಿನ ಖಾತೆಗೆ. 2020ರ ಮುಂಗಾರಿನಿಂದ ರೈತನೇ ತನ್ನ ಹೊಲದಲ್ಲಿ ನಿಂತು ಚಿತ್ರ ತೆಗೆದು ಬೆಳೆಯನ್ನು ದಾಖಲಿಸುವ ಅವಕಾಶ ಬಂದಿತು. ಅವನು ಮಾಡದಿದ್ದಲ್ಲಿ ಖಾಸಗಿ ನಿವಾಸಿಯೆಂದು ನೇಮಿತನಾದ ಊರಿನ ಯುವಕನು ಮಾಡುತ್ತಾನೆ. ವಿಮೆಯಲ್ಲಿ ಹೆಸರುಕಾಳು ಎಂದಿದ್ದು ಸಮೀಕ್ಷೆಯಲ್ಲಿ ಸೋಯಾಬೀನ್ ಎಂದು ನಮೂದಾದರೆ ಎರಡೂ ತಾಳೆಯಾಗದೆ ಪರಿಹಾರದ ಅರ್ಜಿ ತಿರಸ್ಕೃತವಾಗುತ್ತದೆ. ಅಲ್ಲಿ ದತ್ತಾಂಶಗಳೇನೋ ಸರಿಯಾಗಿಯೇ ಸಾಗಿವೆ, ಯಂತ್ರಗಳು ತಮ್ಮ ಕೆಲಸವನ್ನು ಲೋಪವಿಲ್ಲದೆ ಮಾಡಿವೆ. ಆದರೂ ಹೊಲದಲ್ಲಿ ಕಣ್ಣಿಗೆ ಕಾಣುವ ಸತ್ಯವು ಎರಡು ಬರೆಹಗಳ ನಡುವೆ ಸಿಕ್ಕಿಕೊಂಡು, ವರ್ಷದ ದುಡಿಮೆ ಕಳೆದುಕೊಂಡವನು ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಬೆಳೆದರ್ಶಕ್ ಎಂಬ ಆ್ಯಪಿನಲ್ಲಿ ತನ್ನ ಹೊಲದ ದಾಖಲೆಯನ್ನು ನೋಡಿ ನಿಗದಿತ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸುವ ವ್ಯವಸ್ಥೆಯಿರುವುದು ಈ ದೃಷ್ಟಿಯಿಂದ ಅತ್ಯಂತ ಮಹತ್ತ್ವದ್ದು. ಯಂತ್ರದ ಮಾತನ್ನು ಮನುಷ್ಯನು ಪ್ರಶ್ನಿಸಬಹುದಾದ ಬಾಗಿಲು ಅದು.

ಈ ಎಲ್ಲ ನಿದರ್ಶನಗಳಿಂದ ಸಿದ್ಧವಾಗುವ ಸಂಗತಿಯೆಂದರೆ, ಸಮನ್ವಯದ ತಿರುಳಿರುವುದು ತಂತಿಯ ವೇಗದಲ್ಲಾಗಲಿ ಕ್ಲೌಡಿನ ವೈಶಾಲ್ಯದಲ್ಲಾಗಲಿ ಅಲ್ಲ, ಯಾರ ಮಾತು ಯಾವ ವಿಷಯದಲ್ಲಿ ಪ್ರಮಾಣವೆಂದು ಮೊದಲೇ ಮಾಡಿಟ್ಟ ನಿಯಮದಲ್ಲಿ. ಮೀಟರಿನ ಅಂಕಿಗೆ ಅಂಗಳದಲ್ಲಿ ನಿಂತವನ ಮಾತು ಪ್ರಮಾಣ, ದರಕ್ಕೆ ಕೇಂದ್ರದ ಮಾತು ಪ್ರಮಾಣ ಎಂದು ಹಂಚಿಕೊಂಡಲ್ಲಿ ಕಲಹವಿಲ್ಲ. ಹೊಲದ ಬೆಳೆಗೆ ಯಾರ ಮಾತು ಪ್ರಮಾಣವೆಂಬುದು ಅಸ್ಪಷ್ಟವಾದಲ್ಲಿ ಅನ್ಯಾಯಕ್ಕೆ ಎಡೆಯಾಗುತ್ತದೆ. ಇಂಥ ನಿಯಮಗಳನ್ನು ತಂತ್ರಾಂಶ ಬರೆಯುವವರ ವಿವೇಚನೆಗೆ ಮಾತ್ರ ಬಿಟ್ಟುಕೊಡುವುದು ಉಚಿತವಲ್ಲ. ಅವು ಜನರಿಗೆ ತಿಳಿಯುವ ಭಾಷೆಯಲ್ಲಿ ಪ್ರಕಟವಾಗಬೇಕು. ದಾಖಲೆಯೊಂದು ಬದಲಾದಾಗ ಹಳೆಯದು ಅಳಿಯದೆ, ಯಾರು, ಎಂದು, ಏಕೆ ಬದಲಾಯಿಸಿದರೆಂಬುದು ಅದರೊಡನೆಯೇ ಉಳಿಯಬೇಕು. ಸಂಪರ್ಕ ಕಡಿದಾಗ ಹಕ್ಕುದಾರನನ್ನು ಬರಿಗೈಯಲ್ಲಿ ಕಳುಹಿಸದೆ, ಕೊಟ್ಟು ಬರೆದುಕೊಂಡು ತರುವಾಯ ತಾಳೆ ನೋಡುವ ಪದ್ಧತಿ ಅನ್ನ, ಔಷಧಗಳಂಥ ವಿಷಯಗಳಲ್ಲಾದರೂ ಕಡ್ಡಾಯವಾಗಬೇಕು. ಎರಡು ಲೆಕ್ಕಗಳು ಹೊಂದದಾದಾಗ ತಪ್ಪು ರೈತನದೆಂದೋ ಗ್ರಾಹಕನದೆಂದೋ ಮೊದಲೇ ಊಹಿಸದೆ, ಸ್ಥಳಕ್ಕೆ ಹೋಗಿ ನೋಡಿ ತೀರ್ಮಾನಿಸುವ ಅಧಿಕಾರವುಳ್ಳ ಮನುಷ್ಯನೊಬ್ಬನು ತಾಲ್ಲೂಕು ಮಟ್ಟದಲ್ಲಿ ದೊರೆಯುವಂತಿರಬೇಕು. ಇಷ್ಟನ್ನು ಕೇಳುವುದಕ್ಕೆ ಗಣಕಶಾಸ್ತ್ರದ ಪಾಂಡಿತ್ಯ ಬೇಕಾಗಿಲ್ಲ. ತನ್ನ ಹೆಸರಿನಲ್ಲಿ ಬರೆದಿಟ್ಟ ಲೆಕ್ಕವನ್ನು ನೋಡುವ, ತಪ್ಪಿದ್ದಲ್ಲಿ ತಿದ್ದಿಸುವ ಹಕ್ಕು ತನಗುಂಟೆಂಬ ಅರಿವು ಇದ್ದರೆ ಸಾಕು.