ಸಕ್ಕರೆಯ ದ್ವೀಪ, ವೆನಿಲ್ಲಾ ದ್ವೀಪ

ಹಿಂದೂ ಮಹಾಸಾಗರದ ನಕ್ಷೆಯಲ್ಲಿ ಮಡಗಾಸ್ಕರ್ ಕಣ್ಣಿಗೆ ರಾಚುತ್ತದೆ. ಅದರ ಪೂರ್ವಕ್ಕಿರುವ ಮಾರಿಷಸ್ಸನ್ನು ಹುಡುಕಲು ಕನ್ನಡಕ ಬೇಕು. ಮೊದಲನೆಯದರ ವಿಸ್ತೀರ್ಣ 5.87 ಲಕ್ಷ ಚದರ ಕಿ.ಮೀ., ಅಂದರೆ ಮೂರು ಕರ್ನಾಟಕ. ಎರಡನೆಯದು 2,040 ಚದರ ಕಿ.ಮೀ., ಬೆಂಗಳೂರು ನಗರ ಜಿಲ್ಲೆಗಿಂತಲೂ ತುಸು ಚಿಕ್ಕದು. ಅಲ್ಲಿ ಮೂರು ಕೋಟಿ ಜನ, ಇಲ್ಲಿ ಹನ್ನೆರಡೂವರೆ ಲಕ್ಷದಷ್ಟು. ಆದರೆ ವರ್ಷದ ಒಟ್ಟು ಉತ್ಪನ್ನದ ಲೆಕ್ಕ ತೆಗೆದರೆ ಎರಡೂ ದೇಶಗಳು 1,500 ಕೋಟಿ ಡಾಲರ್ ಆಸುಪಾಸಿನಲ್ಲೇ ಓಡಾಡುತ್ತವೆ. ತಲಾವಾರು ಹಂಚಿ ನೋಡಿದರೆ ಮಾರಿಷಸ್‌ನಲ್ಲಿ ಒಬ್ಬರಿಗೆ 11 ಸಾವಿರ ಡಾಲರ್‌ಗೂ ಹೆಚ್ಚು ಬರುತ್ತದೆ, ಮಡಗಾಸ್ಕರ್‌ನಲ್ಲಿ ಐನೂರು ಚಿಲ್ಲರೆ.

ಸಂಪತ್ತಿನ ಲೆಕ್ಕ ಹಿಡಿದರೆ ಇದು ತಿರುವುಮುರುವಾಗಬೇಕಿತ್ತು. ಮಡಗಾಸ್ಕರ್ ನೆಲದಲ್ಲಿ ನಿಕ್ಕಲ್ ಇದೆ, ಗ್ರಾಫೈಟ್ ಇದೆ, ನೀಲಮಣಿ ಇದೆ. ಲವಂಗ, ವೆನಿಲ್ಲಾ ಬೆಳೆಯುತ್ತದೆ. ಒಂದು ಕಾಲಕ್ಕೆ ಅಕ್ಕಿ ರಫ್ತು ಮಾಡುತ್ತಿದ್ದ ದೇಶ ಅದು. ಮಾರಿಷಸ್‌ಗೆ ಇದ್ದದ್ದು ಕಬ್ಬಿನ ಗದ್ದೆ, ಕಡಲ ತೀರ ಮತ್ತು ವರ್ಷವರ್ಷ ಬಂದು ಬಡಿಯುವ ಚಂಡಮಾರುತ. ಉಣ್ಣುವ ಅಕ್ಕಿಯನ್ನೂ ಅದು ಹೊರಗಿನಿಂದಲೇ ತರಬೇಕು.

ಎರಡೂ ದ್ವೀಪಗಳ ಚರಿತ್ರೆ ಹೆಣೆದುಕೊಂಡೇ ಬೆಳೆದದ್ದು. ಹದಿನೆಂಟನೇ ಶತಮಾನದಲ್ಲಿ ಫ್ರೆಂಚರು ಮಾರಿಷಸ್‌ನಲ್ಲಿ ಬೇರು ಬಿಟ್ಟಾಗ ದುಡಿಮೆಗೆ ಹಿಡಿದು ತಂದದ್ದು ಮಡಗಾಸ್ಕರ್ ಮತ್ತು ಮೊಜಾಂಬಿಕ್‌ನ ಗುಲಾಮರನ್ನು. 1810ರಲ್ಲಿ ದ್ವೀಪ ಬ್ರಿಟಿಷರ ಕೈಗೆ ಬಂತು, 1835ರಲ್ಲಿ ಗುಲಾಮಗಿರಿ ರದ್ದಾಯಿತು. ಅಷ್ಟರೊಳಗೆ, 1834ರ ನವೆಂಬರ್ 2ರಂದು, ‘ಅಟ್ಲಾಸ್’ ಎಂಬ ಹಡಗು ಕಲ್ಕತ್ತೆಯಿಂದ 36 ಕರಾರು ಕೂಲಿಗಳನ್ನು ತಂದು ಪೋರ್ಟ್ ಲೂಯಿ ಬಂದರಿನಲ್ಲಿ ಇಳಿಸಿತ್ತು. ಮುಂದಿನ ಎಂಟು ದಶಕಗಳಲ್ಲಿ ಬಿಹಾರ, ತಮಿಳು, ತೆಲುಗು, ಮರಾಠಿ ಸೀಮೆಗಳಿಂದ ನಾಲ್ಕೂವರೆ ಲಕ್ಷದಷ್ಟು ಜನ ಬಂದರು. ಅವರ ಮೊಮ್ಮಕ್ಕಳು, ಮರಿಮಕ್ಕಳೇ ಇವತ್ತು ಅಲ್ಲಿ ಬಹುಸಂಖ್ಯಾತರು.

1961ರಲ್ಲಿ ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ಜೇಮ್ಸ್ ಮೀಡ್ ಮಾರಿಷಸ್ ಬಗ್ಗೆ ಒಂದು ವರದಿ ಕೊಟ್ಟರು. ಮುಂದೆ 1977ರಲ್ಲಿ ನೊಬೆಲ್ ಪಡೆದವರು ಇವರು. ಮಲೇರಿಯಾ ತೊಲಗಿ ಜನಸಂಖ್ಯೆ ಏರುತ್ತಿದೆ, ಬದುಕೆಲ್ಲ ಸಕ್ಕರೆಯೊಂದಕ್ಕೇ ಜೋತುಬಿದ್ದಿದೆ, ಜನಾಂಗಗಳ ನಡುವೆ ನಂಬಿಕೆಯಿಲ್ಲ, ಶಾಂತಿಯಿಂದ ಉದ್ಧಾರವಾಗುವ ಸಾಧ್ಯತೆ ಕ್ಷೀಣ ಎಂಬುದು ಅವರ ತೀರ್ಮಾನದ ಸಾರ. ಆಗಿನ ಮಟ್ಟಿಗೆ ಅದರಲ್ಲಿ ತಪ್ಪು ಹುಡುಕುವುದು ಕಷ್ಟ. 1967ರ ಚುನಾವಣೆಯಲ್ಲಿ ಶೇ 44ರಷ್ಟು ಮಂದಿ ಸ್ವಾತಂತ್ರ್ಯವೇ ಬೇಡವೆಂದ ಪಕ್ಷಕ್ಕೆ ಮತ ಹಾಕಿದ್ದರು. 1968ರ ಜನವರಿಯಲ್ಲಿ ಪೋರ್ಟ್ ಲೂಯಿಯಲ್ಲಿ ಕೋಮುಗಲಭೆಯಾಗಿ ಬ್ರಿಟಿಷ್ ಸೈನ್ಯ ಬರಬೇಕಾಯಿತು. ಮಾರ್ಚ್ 12ಕ್ಕೆ ಸ್ವಾತಂತ್ರ್ಯ ಬಂದಾಗ ರಫ್ತಿನಲ್ಲಿ ಶೇ 90ಕ್ಕೂ ಹೆಚ್ಚು ಪಾಲು ಸಕ್ಕರೆಯದೇ. ಎಂಟು ವರ್ಷ ಮೊದಲೇ, 1960ರಲ್ಲಿ, ಸ್ವತಂತ್ರವಾಗಿದ್ದ ಮಡಗಾಸ್ಕರ್ ಬಗ್ಗೆ ಇಷ್ಟು ಕತ್ತಲೆಯ ಭವಿಷ್ಯ ನುಡಿದವರು ಕಡಿಮೆ.

ಮಾರಿಷಸ್‌ನ ಏಳಿಗೆಗೆ ‘ಪವಾಡ’ ಎಂಬ ಪದ ಬಳಸುವವರಿದ್ದಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಅಲ್ಲಿ ನಡೆದದ್ದು ವ್ಯಾಪಾರ. ಆ ವ್ಯಾಪಾರದಲ್ಲಿ ಚಿಕ್ಕದಾಗಿರುವುದೇ ಅದರ ಬಂಡವಾಳ.

ಸಕ್ಕರೆಯನ್ನೇ ನೋಡಿ. 1975ರ ಲೋಮೆ ಒಪ್ಪಂದದಲ್ಲಿ ಯುರೋಪ್ ತನ್ನ ಹಳೆಯ ವಸಾಹತುಗಳಿಂದ ವರ್ಷಕ್ಕೆ ಇಂತಿಷ್ಟು ಸಕ್ಕರೆಯನ್ನು ಖಾತರಿ ದರದಲ್ಲಿ ಕೊಳ್ಳುವುದಾಗಿ ಒಪ್ಪಿಕೊಂಡಿತು. ಒಟ್ಟು ಸುಮಾರು 13 ಲಕ್ಷ ಟನ್. ಅದರಲ್ಲಿ 5 ಲಕ್ಷ ಟನ್ನಿನಷ್ಟು ಮಾರಿಷಸ್ ಒಂದರದ್ದೇ. ದರವಾದರೂ ಎಷ್ಟೋ ವರ್ಷ ವಿಶ್ವ ಮಾರುಕಟ್ಟೆಯ ಎರಡು-ಮೂರು ಪಟ್ಟು. ಒಂಬತ್ತು ಲಕ್ಷದ ಆಸುಪಾಸಿನ ಜನಕ್ಕೆ ಐದು ಲಕ್ಷ ಟನ್ ಎಂದರೆ ತಲೆಗೆ ಅರ್ಧ ಟನ್‌ಗಿಂತ ಹೆಚ್ಚು. ಅದೇ ಒಪ್ಪಂದದಲ್ಲಿ ಮಡಗಾಸ್ಕರ್‌ಗೆ ಸಿಕ್ಕಿದ್ದು ಹತ್ತು ಸಾವಿರ ಟನ್. ತಲೆಗೆ ಕಿಲೋ, ಒಂದೂವರೆ ಕಿಲೋ. ಅದಕ್ಕೂ ಮಾರಿಷಸ್‌ನ ಲೆಕ್ಕದಲ್ಲೇ ಕೊಡಬೇಕಿದ್ದರೆ 40 ಲಕ್ಷ ಟನ್‌ ಬೇಕಾಗುತ್ತಿತ್ತು, ಇಡೀ ಒಪ್ಪಂದದ ಮೂರು ಪಟ್ಟು. ಯಾವ ಯುರೋಪ್ ಕೊಟ್ಟೀತು? ದೊಡ್ಡವರಿಗೆ ಇಂಥ ಔದಾರ್ಯ ತೋರಿಸಲು ಯಾರಿಗೂ ಪೂರೈಸುವುದಿಲ್ಲ.

ಹಣ ಬಂದದ್ದು ಅದೃಷ್ಟ, ಅದನ್ನು ಕಳೆದುಕೊಳ್ಳದೆ ಉಳಿಸಿಕೊಂಡದ್ದು ಬುದ್ಧಿ. ಪ್ರಧಾನಿ ಶಿವಸಾಗರ ರಾಮಗುಲಾಂ ಸರ್ಕಾರ ಫ್ರೆಂಚ್ ಮೂಲದ ಜಮೀನ್ದಾರರ ಎಸ್ಟೇಟ್‌ಗಳನ್ನು ಕಿತ್ತುಕೊಳ್ಳಲಿಲ್ಲ. ರಫ್ತು ಸುಂಕ ಹಾಕಿತು. ಆ ದುಡ್ಡಿನಲ್ಲಿ ಉಚಿತ ಆಸ್ಪತ್ರೆ, ಎಲ್ಲ ವೃದ್ಧರಿಗೂ ಪಿಂಚಣಿ ನಡೆದವು. 1977ರಿಂದ ಉಚಿತ ಪ್ರೌಢಶಿಕ್ಷಣವೂ ಸೇರಿತು. ಸ್ವಾತಂತ್ರ್ಯವನ್ನು ವಿರೋಧಿಸಿದ್ದ ಗೇತಾನ್ ದುವಾಲ್ ಅವರನ್ನೇ 1969ರಲ್ಲಿ ಸರ್ಕಾರಕ್ಕೆ ಸೇರಿಸಿಕೊಂಡು ವಿದೇಶಾಂಗ ಖಾತೆ ಕೊಟ್ಟರು. ಸಂಸತ್ತಿನಲ್ಲಿ ಚುನಾಯಿತರಾಗುವ 62 ಮಂದಿಯ ಜೊತೆಗೆ, ಸೋತವರಲ್ಲೇ ಹೆಚ್ಚು ಮತ ಪಡೆದ ಎಂಟು ಮಂದಿಯವರೆಗೆ ಸ್ಥಾನ ಕೊಟ್ಟು ಸಮುದಾಯಗಳ ಲೆಕ್ಕ ಸರಿದೂಗಿಸುವ ಪದ್ಧತಿಯೂ ಇದೆ.

ಈ ಸರಿದೂಗಿಸುವಿಕೆ ಎಷ್ಟು ನಾಜೂಕಿನದು ಎಂಬುದನ್ನು ಅಲ್ಲಿನ ರೂಪಾಯಿ ನೋಟಿನಲ್ಲೇ ಕಾಣಬಹುದು. ನೋಟಿನ ಮೇಲೆ ಮೊದಲು ಇಂಗ್ಲಿಷ್, ಕೆಳಗೆ ತಮಿಳು, ಅದರ ಕೆಳಗೆ ಹಿಂದಿ. 1998ರಲ್ಲಿ ಹೊಸ ಸರಣಿ ಬಂದಾಗ ಹಿಂದಿ ಮೇಲಕ್ಕೂ ತಮಿಳು ಕೆಳಕ್ಕೂ ಹೋಗಿತ್ತು. ತಮಿಳರು ಬೀದಿಗಿಳಿದರು. ಸರ್ಕಾರ ವಾದಕ್ಕೆ ನಿಲ್ಲದೆ ನೋಟುಗಳನ್ನೇ ಹಿಂಪಡೆದು ಹಳೆಯ ಕ್ರಮದಲ್ಲಿ ಹೊಸದಾಗಿ ಮುದ್ರಿಸಿತು. ಒಂದು ಸಾಲು ಮೇಲೆ ಕೆಳಗೆ ಆದದ್ದಕ್ಕೆ ಇಷ್ಟು ಖರ್ಚೇ ಎಂದು ನಗಬಹುದು. ಸಾವಿರ ಕಿ.ಮೀ. ಆಚೆಯ ಮಡಗಾಸ್ಕರ್ ಜಗಳಕ್ಕೆ ತೆತ್ತ ಬೆಲೆ ಗೊತ್ತಿದ್ದವರಿಗೆ ಇದು ಅಗ್ಗವಾಗಿಯೇ ಕಾಣುತ್ತದೆ.

1970ರಲ್ಲಿ ರಫ್ತು ಸಂಸ್ಕರಣಾ ವಲಯದ ಕಾಯ್ದೆ ಬಂತು. ಚೀನಾ ಮೂಲದ ಎಂಜಿನಿಯರ್ ಎಡ್ವರ್ಡ್ ಲಿಮ್ ಫಾಟ್ ಈ ಯೋಚನೆಯ ಹಿಂದಿದ್ದವರು. ಬೇರೆ ದೇಶಗಳಲ್ಲಿ ಇಂಥ ವಲಯವೆಂದರೆ ಬಂದರಿನ ಪಕ್ಕ ಬೇಲಿ ಹಾಕಿದ ಜಾಗ. ಮಾರಿಷಸ್ ಬೇಲಿಯನ್ನೇ ಕೈಬಿಟ್ಟಿತು. ಕಾರ್ಖಾನೆ ಯಾವ ಊರಲ್ಲಿದ್ದರೂ ಸರಿ, ಸರಕು ರಫ್ತಾಗುವುದಾದರೆ ಅದೇ ವಲಯ, ಅದಕ್ಕೇ ತೆರಿಗೆ ವಿನಾಯಿತಿ. ಹಾಗಾಗಿ ಹೊಲಿಗೆ ಯಂತ್ರಗಳು ಕಬ್ಬಿನ ಗದ್ದೆ ದಾಟಿ ಹಳ್ಳಿಗಳಿಗೆ ಬಂದವು. ಅಲ್ಲಿಯವರೆಗೆ ಸಂಬಳದ ಕೆಲಸವನ್ನೇ ಕಾಣದ ಹೆಂಗಸರು ಕಾರ್ಖಾನೆ ಸೇರಿದರು. ಅವರ ಕನಿಷ್ಠ ಕೂಲಿ ಗಂಡಸರಿಗಿಂತ ಕಡಿಮೆ ನಿಗದಿಯಾಗಿತ್ತು ಎಂಬುದನ್ನು ಹೊಗಳಿಕೆಯ ಭರದಲ್ಲಿ ಮರೆಯಬಾರದು. ಅಮೆರಿಕ, ಯುರೋಪ್‌ಗಳು ಹಾಂಗ್‌ಕಾಂಗ್ ಬಟ್ಟೆಗೆ ಮಿತಿ ಹಾಕಿದ್ದವು. ಜೊತೆಗೆ 1997ರಲ್ಲಿ ಊರು ಚೀನಾಕ್ಕೆ ಸೇರಲಿದೆ ಎಂಬ ಆತಂಕ ಬೇರೆ. ಅಲ್ಲಿನ ಬಂಡವಾಳಗಾರರು ಖಾಲಿ ಕೋಟಾ ಹುಡುಕುತ್ತ ಪೋರ್ಟ್ ಲೂಯಿಗೆ ಬಂದರು. ಸ್ಥಳೀಯ ಜಮೀನ್ದಾರರೂ ಸಕ್ಕರೆಯ ಲಾಭವನ್ನು ತಂದು ಸುರಿದರು. ಉಣ್ಣೆಗಾಗಿ ಕುರಿಯನ್ನೇ ಸಾಕದ ದ್ವೀಪ ಹೊರಗಿನಿಂದ ಉಣ್ಣೆ ತರಿಸಿ, ಸ್ವೆಟರ್ ಹೆಣೆದು ಮಾರುವುದರಲ್ಲಿ ಜಗತ್ತಿನ ಮುಂಚೂಣಿಯ ದೇಶಗಳ ಸಾಲಿಗೆ ಸೇರಿತು. 1980ರ ದಶಕದ ಆರಂಭದಲ್ಲಿ ಐದರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ; ಹತ್ತು ವರ್ಷ ಕಳೆಯುವಷ್ಟರಲ್ಲಿ ಕೆಲಸಕ್ಕೇ ಜನ ಸಾಲದಾದರು.

ಕೂಲಿ ಏರಿತು. ಆಗ ಮಾರಿಷಸ್‌ನ ಹೆಣಿಗೆ ಕಂಪನಿಗಳು ಕಣ್ಣು ಹಾಯಿಸಿದ್ದು ಪಕ್ಕದ ದೊಡ್ಡ ದ್ವೀಪದ ಕಡೆಗೆ.

ಮಡಗಾಸ್ಕರ್ ಆ ಹೊತ್ತಿಗೆ ಒಂದು ಸುತ್ತು ಬಿದ್ದು ಎದ್ದಿತ್ತು. 1972ರಲ್ಲಿ ವಿದ್ಯಾರ್ಥಿ ದಂಗೆಗೆ ಮೊದಲ ಅಧ್ಯಕ್ಷ ಹೋದರು. 1975ರಲ್ಲಿ ಅಧಿಕಾರ ಹಿಡಿದ ಕರ್ನಲ್ ರತ್ಸಿಮಂದ್ರಾವ ಆರೇ ದಿನಕ್ಕೆ ಕೊಲೆಯಾದರು. ಆಮೇಲೆ ಬಂದ ನೌಕಾಧಿಕಾರಿ ದಿದಿಯೆ ರತ್ಸಿರಾಕ ಬ್ಯಾಂಕು, ವಿಮೆ, ರಫ್ತು ವ್ಯಾಪಾರವನ್ನೆಲ್ಲ ರಾಷ್ಟ್ರೀಕರಿಸಿದರು, ಸಾಲ ತಂದು ಕಾರ್ಖಾನೆ ಕಟ್ಟಿದರು, ಸಾಲ ತೀರಿಸಲಾಗದೆ ಐಎಂಎಫ್ ಬಾಗಿಲಿಗೆ ಹೋದರು. 1980ರ ದಶಕದ ಕೊನೆಗೆ ಅವರೇ ದಿಕ್ಕು ಬದಲಿಸಿ ಮಾರಿಷಸ್ ಮಾದರಿಯಲ್ಲೇ ಮುಕ್ತ ವಲಯದ ಕಾನೂನು ಮಾಡಿದರು. ರಾಜಧಾನಿ ಅಂಟಾನನರಿವೋದಲ್ಲಿ ಮಾರಿಷಸ್‌ನವರ, ಫ್ರೆಂಚರ ಗಾರ್ಮೆಂಟ್ಸ್ ತೆರೆದವು. ಅಲ್ಲಿನ ಹೆಂಗಸರ ಕೈಕೆಲಸ ನಾಜೂಕು, ಕೂಲಿ ಕಡಿಮೆ. ಅಮೆರಿಕ ಸುಂಕವಿಲ್ಲದೆ ಬಟ್ಟೆ ಕೊಳ್ಳಲು ಒಪ್ಪಿತು. 2001ರ ಹೊತ್ತಿಗೆ ಈ ದೇಶವೂ ಎದ್ದಿತು ಎನ್ನುವಂತಿತ್ತು.

ಡಿಸೆಂಬರ್‌ನಲ್ಲಿ ಚುನಾವಣೆ ನಡೆಯಿತು. ರತ್ಸಿರಾಕ ಮತ್ತು ಮೊಸರಿನ ವ್ಯಾಪಾರದಿಂದ ಮೇಲೆ ಬಂದ ಉದ್ಯಮಿ ಮಾರ್ಕ್ ರವಲೊಮನಾನ ಇಬ್ಬರೂ ನಾನೇ ಗೆದ್ದೆ ಎಂದರು. ರಾಜಧಾನಿಯಲ್ಲೊಬ್ಬ ಅಧ್ಯಕ್ಷ, ಟೊಮಾಸಿನ ಬಂದರಿನಲ್ಲೊಬ್ಬ ಅಧ್ಯಕ್ಷ. ರತ್ಸಿರಾಕ ಕಡೆಯವರು ರಾಜಧಾನಿಗೆ ಹೋಗುವ ರಸ್ತೆಗಳನ್ನು ತಡೆದರು, ಸೇತುವೆಗಳನ್ನು ಸಿಡಿಸಿದರು. ಬಂದರಿಗೆ ಬಂದ ನೂಲು ಮೇಲಕ್ಕೆ ಹೋಗಲಿಲ್ಲ, ಹೊಲಿದ ಬಟ್ಟೆ ಕೆಳಕ್ಕಿಳಿಯಲಿಲ್ಲ. ಆರ್ಡರು ಕೊಟ್ಟವರು ಬೇರೆ ದೇಶ ನೋಡಿಕೊಂಡರು. ಮುಂದಿನ ಒಂದೇ ವರ್ಷದಲ್ಲಿ ದೇಶದ ಆರ್ಥಿಕತೆ ಶೇ 12ರಷ್ಟು ಕುಸಿಯಿತು. ಗೆದ್ದು ಬಂದ ರವಲೊಮನಾನ ಕಾಲದಲ್ಲಿ ಮತ್ತೆ ಚೇತರಿಕೆ ಕಂಡಿತು. 2009ರಲ್ಲಿ ಅವರನ್ನೂ ಸೇನೆಯ ಒಂದು ತುಕಡಿಯ ಬೆಂಬಲದಿಂದ ಇಳಿಸಲಾಯಿತು. ಅಮೆರಿಕ ತನ್ನ ಸುಂಕ ವಿನಾಯಿತಿಯನ್ನು ಹಿಂತೆಗೆದುಕೊಂಡಿತು, ಗಾರ್ಮೆಂಟ್ಸ್‌ನ ಸಾವಿರಾರು ಹೆಂಗಸರು ಮನೆಗೆ ಮರಳಿದರು. ಇವತ್ತಿನ ತಲಾ ಆದಾಯ ಸ್ವಾತಂತ್ರ್ಯ ಬಂದಾಗ ಇದ್ದದ್ದಕ್ಕಿಂತಲೂ ಕಡಿಮೆ. ಯುದ್ಧ ನಡೆಯದ ದೇಶವೊಂದು ಹೀಗೆ ಹಿಂದಕ್ಕೆ ನಡೆದ ಉದಾಹರಣೆ ಅಪರೂಪ.

ಈ ದೇಶದ ಏಳುಬೀಳು ನಮ್ಮ ಮಲೆನಾಡು, ಕರಾವಳಿಯ ತೋಟಗಳಿಗೂ ತಟ್ಟಿದೆ. ಜಗತ್ತಿನ ವೆನಿಲ್ಲಾದಲ್ಲಿ ಶೇ 80ರಷ್ಟು ಮಡಗಾಸ್ಕರ್‌ನದು. 2000ದ ಏಪ್ರಿಲ್‌ನಲ್ಲಿ ಹುಡಾ ಚಂಡಮಾರುತ ಅಲ್ಲಿನ ವೆನಿಲ್ಲಾ ಸೀಮೆಯಾದ ಅಂತಲಾಹದ ಸುತ್ತ ತೋಟಗಳನ್ನು ನೆಲಸಮ ಮಾಡಿತು. ಬೆಲೆ ಏರಿತು, ಇಲ್ಲಿ ಅಡಿಕೆ ತೋಟದ ನಡುವೆ ಬಳ್ಳಿ ಹಬ್ಬಿತು. ಬೆಳಗಾದರೆ ಕಡ್ಡಿ ಹಿಡಿದು ಒಂದೊಂದೇ ಹೂವಿಗೆ ಪರಾಗಸ್ಪರ್ಶ ಮಾಡಿದ್ದು, ರಾತ್ರಿ ಕೋಡು ಕಾಯಲು ತೋಟದಲ್ಲೇ ಮಲಗಿದ್ದು ಹಲವರಿಗೆ ನೆನಪಿರಬಹುದು. ಕಿಲೋಗೆ ಸಾವಿರಗಟ್ಟಲೆ ರೂಪಾಯಿ ಕೇಳಿದ ಹಸಿ ಬೀನ್ಸನ್ನು ಎರಡು-ಮೂರು ವರ್ಷದಲ್ಲೇ ಕೇಳುವವರಿಲ್ಲದಾದರು. ಮಡಗಾಸ್ಕರ್ ಫಸಲು ಮತ್ತೆ ಬಂದಿತ್ತು. ಅಲ್ಲಿನ ರೈತರದೂ ಇದೇ ಪಾಡು. ಕಳ್ಳರ ಕಾಟಕ್ಕೆ ಅವರು ಬಳ್ಳಿಯಲ್ಲಿರುವ ಎಳೆಯ ಕೋಡಿನ ಮೇಲೆಯೇ ಸೂಜಿಯಿಂದ ತಮ್ಮ ಗುರುತು ಚುಚ್ಚುತ್ತಾರೆ, ಹಚ್ಚೆ ಹಾಕಿದ ಹಾಗೆ. 2018ರಲ್ಲಿ ಒಣ ವೆನಿಲ್ಲಾ ಕಿಲೋಗೆ 600 ಡಾಲರ್ ಮುಟ್ಟಿ ಬೆಳ್ಳಿಯನ್ನೂ ಮೀರಿಸಿತ್ತು. ಆಮೇಲೆ ಮತ್ತೆ ಬಿತ್ತು. ಅಂಥ ವರ್ಷಗಳ ದುಡ್ಡನ್ನು ರಸ್ತೆ, ಶಾಲೆಯಾಗಿ ಮಾಡಿಟ್ಟುಕೊಳ್ಳುವ ಸರ್ಕಾರ ಆ ರೈತರಿಗೆ ಸಿಗಲಿಲ್ಲ.

ಮಾರಿಷಸ್‌ಗೂ ಪೆಟ್ಟು ಬೀಳದೆ ಇರಲಿಲ್ಲ. 2005ರ ಜನವರಿಯಿಂದ ಬಟ್ಟೆಯ ಕೋಟಾ ಹೋಯಿತು, 2009ಕ್ಕೆ ಸಕ್ಕರೆಯ ಖಾತರಿ ಮುಗಿಯಿತು. ಅಷ್ಟರಲ್ಲಿ ಅದು ಬೇರೆ ಸರಕು ಹುಡುಕಿಕೊಂಡಿತ್ತು. ಗಿರಣಿಗಳು ಕಬ್ಬಿನ ಸಿಪ್ಪೆ ಉರಿಸಿ ವಿದ್ಯುತ್ ಮಾರತೊಡಗಿದವು, ಹೋಟೆಲುಗಳು ಎದ್ದವು. ಎಲ್ಲಕ್ಕಿಂತ ಲಾಭದ ಸರಕು ಸಿಕ್ಕಿದ್ದು ಭಾರತದ ಕೃಪೆಯಿಂದ. 1983ರಿಂದ ಜಾರಿಗೆ ಬಂದ ದ್ವಿತೆರಿಗೆ ತಡೆ ಒಪ್ಪಂದದ ಪ್ರಕಾರ ಮಾರಿಷಸ್‌ನಲ್ಲಿ ನೋಂದಾಯಿತ ಕಂಪನಿ ಭಾರತದ ಷೇರು ಮಾರಿ ಗಳಿಸಿದ ಲಾಭಕ್ಕೆ ತೆರಿಗೆ ಹಾಕುವ ಹಕ್ಕು ಮಾರಿಷಸ್‌ನದು ಮಾತ್ರವಾಗಿತ್ತು. ಮಾರಿಷಸ್‌ನಲ್ಲಿ ಆ ತೆರಿಗೆಯೇ ಇಲ್ಲ! ಅಲ್ಲಿಗೆ ಯಾರಿಗೂ ಕಟ್ಟಬೇಕಿರಲಿಲ್ಲ. ನ್ಯೂಯಾರ್ಕ್‌ನ ಹಣ, ಲಂಡನ್ನಿನ ಹಣ, ಕೆಲವೊಮ್ಮೆ ನಮ್ಮವರದೇ ಹಣ, ಪೋರ್ಟ್ ಲೂಯಿಯ ಒಂದು ನಾಮಫಲಕ ಮುಟ್ಟಿ ಮುಂಬೈಗೆ ಬಂತು. 2000ದಿಂದ ಹದಿನೈದು ವರ್ಷ ಭಾರತಕ್ಕೆ ಬಂದ ನೇರ ವಿದೇಶಿ ಹೂಡಿಕೆಯ ಮೂರನೇ ಒಂದು ಪಾಲು ಕಾಗದದ ಮೇಲೆ ಈ ದ್ವೀಪದ್ದು. ‘ಆಜಾದಿ ಬಚಾವೋ ಆಂದೋಲನ’ ಎಂಬ ಸಂಘಟನೆ ಇದನ್ನು ಕೋರ್ಟಿನಲ್ಲಿ ಪ್ರಶ್ನಿಸಿತು. 2003ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಂದವನ್ನೇ ಎತ್ತಿಹಿಡಿಯಿತು. 2016ರಲ್ಲಿ ತಿದ್ದುಪಡಿಯಾಗಿ 2017ರ ಏಪ್ರಿಲ್‌ನಿಂದ ಕೊಳ್ಳುವ ಷೇರುಗಳಿಗೆ ಈ ಸೌಲಭ್ಯ ನಿಂತಿತು.

ಸಕ್ಕರೆಯ ಖಾತರಿ, ಬಟ್ಟೆಯ ಕೋಟಾ, ತೆರಿಗೆಯ ಸಂದು ಮೂರೂ ಬೇರೆಯವರ ಗಂಟಿನಿಂದ ಬಂದದ್ದು. ಹತ್ತು ಲಕ್ಷ ಜನರನ್ನು ಎತ್ತಲು ಅವು ಸಾಕು, ಮೂರು ಕೋಟಿಗೆ ಸಾಲದು. ಹಾಗಾಗಿ ‘ಮಾರಿಷಸ್ ನೋಡಿ ಕಲಿಯಿರಿ’ ಎಂದು ಮಡಗಾಸ್ಕರ್‌ಗೆ ಹೇಳುವುದರಲ್ಲಿ ಅರ್ಧ ಸುಳ್ಳಿದೆ. ಕಲಿಯಬಹುದಾದ ಇನ್ನರ್ಧ ರಾಜಕೀಯದ್ದು. ಮಾರಿಷಸ್‌ಗೆ ಸೇನೆಯೇ ಇಲ್ಲ, ಇರುವುದು ಪೊಲೀಸರು. ಪ್ರಧಾನಿ ಪಟ್ಟ ಹೆಚ್ಚುಕಡಿಮೆ ರಾಮಗುಲಾಂ, ಜಗನ್ನಾಥ್ ಎಂಬ ಎರಡು ಮನೆತನಗಳ ನಡುವೆಯೇ ಸುತ್ತಿದೆ, ಅದೇನೂ ಹೆಮ್ಮೆಯ ವಿಷಯವಲ್ಲ. ಆದರೂ ಜನ ಇಳಿಸಿದಾಗ ಇಳಿಯುತ್ತಾರೆ. 1982ರಲ್ಲಿ, 1995ರಲ್ಲಿ ಮುಖ್ಯ ದ್ವೀಪದ 60 ಸ್ಥಾನಗಳಲ್ಲೂ ಆಳುವವರು ಸೋತರು. 2024ರ ನವೆಂಬರ್‌ನಲ್ಲಿ ವಿರೋಧಿ ಕೂಟ 62ರಲ್ಲಿ 60 ಗೆದ್ದಿತು. ಆಗಿನ ಪ್ರಧಾನಿ ಪ್ರವಿಂದ್ ಜಗನ್ನಾಥ್ ಸೋಲೊಪ್ಪಿಕೊಂಡು ಹೊರಟರು.

ಮರುವರ್ಷ ಮಡಗಾಸ್ಕರ್‌ನಲ್ಲಿ ನೀರು, ಕರೆಂಟು ಇಲ್ಲವೆಂದು ಯುವಕರು ಬೀದಿಗಿಳಿದರು. ಅಕ್ಟೋಬರ್‌ನಲ್ಲಿ ಅಧ್ಯಕ್ಷ ಆಂಡ್ರಿ ರಜೋಲಿನ ದೇಶ ಬಿಟ್ಟು ಓಡಿದರು. 2009ರಲ್ಲಿ ಅವರನ್ನು ಗದ್ದುಗೆಗೆ ಏರಿಸಿದ್ದ ಅದೇ ಸೇನಾ ತುಕಡಿ ಈ ಸಲ ಇಳಿಸಿತ್ತು. ಅವರ ಮಾಜಿ ಪ್ರಧಾನಿ ಖಾಸಗಿ ವಿಮಾನದಲ್ಲಿ ಹೋಗಿ ಇಳಿದದ್ದು ಮಾರಿಷಸ್‌ನಲ್ಲಿ. ಹೊಸದಾಗಿ ಅಧಿಕಾರ ಹಿಡಿದ ಕರ್ನಲ್ ಮೈಕೆಲ್ ರಂದ್ರಿಯಾನಿರಿನ ಹೆಚ್ಚೆಂದರೆ ಎರಡು ವರ್ಷದೊಳಗೆ ಚುನಾವಣೆ ನಡೆಸುವುದಾಗಿ ಹೇಳಿದ್ದಾರೆ.