ಒಂದೇ ತಾರೀಖಿನ ಹಲವು ಕಥೆಗಳು

ಗೋಡೆಯ ಕ್ಯಾಲೆಂಡರಿನಿಂದ ಅಕ್ಟೋಬರ್ ತಿಂಗಳ ಹಾಳೆಯನ್ನು ಹರಿದೊಡನೆ ಕಣ್ಣಿಗೆ ಬೀಳುವ ಮೊದಲ ಅಂಕೆ ನಮಗೆಲ್ಲ ಪ್ರಿಯವಾದುದು: ನವೆಂಬರ್ 1. ಅಂದು, ಇಲ್ಲವೆ ಅದರ ಮುಂದಿನ ಭಾನುವಾರ, ಹೊರನಾಡಿನ ಕನ್ನಡ ಸಂಘಗಳಲ್ಲಿ ಬಾವುಟ ಏರುತ್ತದೆ. ಮಕ್ಕಳ ಹಾಡು ಕುಣಿತಗಳಾಗುತ್ತವೆ. ಅಧ್ಯಕ್ಷರ ಭಾಷಣ ಸ್ವಲ್ಪ ಉದ್ದವಾಗುತ್ತದೆ. ಅಷ್ಟರಲ್ಲಿ ಬಿಸಿಬೇಳೆ ಭಾತು ಸ್ವಲ್ಪ ಆರುತ್ತದೆ. ಇದೆಲ್ಲ ವಾಚಕರಿಗೆ ತಿಳಿದುದೇ.

ಆದರೆ ಅಂದು ಹಬ್ಬ ಮಾಡುವವರು ನಾವು ಮಾತ್ರವೆ? ಮನೆಯ ಮಕ್ಕಳು ಕೇಳುವುದುಂಟು: “ಪಕ್ಕದ ಮನೆಯ ಕೇರಳದವರೂ ಇವತ್ತು ಶುಭಾಶಯ ಹೇಳಿಕೊಳ್ಳುತ್ತಿದ್ದಾರಲ್ಲ ಅಪ್ಪಾ, ನಮ್ಮ ಹಬ್ಬ ಅವರಿಗೇಕೆ?” ಪ್ರಶ್ನೆ ಚಿಕ್ಕದು, ಉತ್ತರ ಅಷ್ಟು ಚಿಕ್ಕದಲ್ಲ. ಈ ತಾರೀಖಿನಂದು ಜಗತ್ತಿನಲ್ಲಿ ಏನೇನು ನಡೆದಿದೆಯೆಂದು ಒಮ್ಮೆ ತಿರುವಿ ನೋಡೋಣ. ಹಾಗೆ ನೋಡುತ್ತ ಹೋದರೆ, ಊರು ಬಿಟ್ಟು ಬಂದಿರುವ ನಮಗೇ ಸೇರಿದ ಒಂದು ಸಂಗತಿಯೂ ಸಿಕ್ಕುತ್ತದೆ.

ಕಾಗೆ ಕೂತದ್ದು, ಟೊಂಗೆ ಮುರಿದದ್ದು

ವರ್ಷಕ್ಕಿರುವುದು 365 ದಿನ. ಮನುಷ್ಯನ ಚರಿತ್ರೆಯೋ ಸಾವಿರಾರು ವರ್ಷಗಳದು. ಆದುದರಿಂದ ಯಾವ ತಾರೀಖನ್ನು ಹಿಡಿದರೂ ಹತ್ತಾರು ಘಟನೆಗಳು ಒಂದೇ ಮನೆಯಲ್ಲಿ ಇಳಿದುಕೊಂಡ ನೆಂಟರಂತೆ ಗುಂಪುಗೂಡಿರುತ್ತವೆ. ಅವುಗಳಲ್ಲಿ ಹಲವಕ್ಕೆ ಪರಸ್ಪರ ಪರಿಚಯವೇ ಇರುವುದಿಲ್ಲ.

ಕ್ರೈಸ್ತರಿಗೆ ನವೆಂಬರ್ 1 ಸಕಲ ಸಂತರ ಹಬ್ಬ. 1512ರ ಈ ಹಬ್ಬದ ದಿನ, ಮೈಕೆಲೆಂಜೆಲೊ ನಾಲ್ಕು ವರ್ಷ ದುಡಿದು ಚಿತ್ರಿಸಿದ್ದ ರೋಮಿನ ಸಿಸ್ಟೀನ್ ಪ್ರಾರ್ಥನಾಮಂದಿರದ ಮಾಳಿಗೆಯನ್ನು ಜನರು ಮೊದಲ ಬಾರಿಗೆ ಕತ್ತೆತ್ತಿ ನೋಡಿದರು. 1755ರಲ್ಲಿ ಅದೇ ಹಬ್ಬದ ಬೆಳಿಗ್ಗೆ, ಆಗ ಗೋವೆಯನ್ನೂ ಆಳುತ್ತಿದ್ದ ಪೋರ್ತುಗಲ್ಲಿನ ರಾಜಧಾನಿ ಲಿಸ್ಬನ್ ಭೂಕಂಪಕ್ಕೆ ಸಿಕ್ಕಿ ಉರುಳಿಬಿದ್ದಿತು. ಇಲ್ಲಿ ತಾರೀಖೇ ಕೊಲೆಗಾರನ ಜೊತೆ ಸೇರಿತೆನ್ನಬೇಕು. ಹಬ್ಬವಾದುದರಿಂದ ಇಗರ್ಜಿಗಳು ಜನರಿಂದ ತುಂಬಿದ್ದವು. ಕಲ್ಲಿನ ಕಮಾನುಗಳು ಅವರ ಮೇಲೆಯೇ ಕುಸಿದವು. ಹಬ್ಬವಾದುದರಿಂದ ಎಲ್ಲೆಡೆ ಮೇಣದ ಬತ್ತಿಗಳು ಉರಿಯುತ್ತಿದ್ದವು. ಅವುಗಳಿಂದ ಹತ್ತಿದ ಬೆಂಕಿ ದಿನಗಟ್ಟಲೆ ಆರಲಿಲ್ಲ. ನದೀತೀರದ ಬಯಲಿಗೆ ಓಡಿಬಂದವರನ್ನು ಸಮುದ್ರದಿಂದ ಎದ್ದು ಬಂದ ಹೆದ್ದೆರೆ ಸೆಳೆದುಕೊಂಡಿತು. ಸತ್ತವರು ಹತ್ತಾರು ಸಾವಿರ ಮಂದಿ. ಮುಂದೆ ಪೊಂಬಾಲ್ ಎಂದು ಹೆಸರಾದ ಮಂತ್ರಿ ಊರೂರಿನ ಪಾದ್ರಿಗಳಿಗೆ ಒಂದು ಪ್ರಶ್ನಾವಳಿಯನ್ನು ಕಳುಹಿಸಿದನು: ನೆಲ ಎಷ್ಟು ಹೊತ್ತು ನಡುಗಿತು? ಸಮುದ್ರ ಮೊದಲು ಏರಿತೆ, ಇಳಿಯಿತೆ? ಭೂಕಂಪಶಾಸ್ತ್ರದ ಮೊದಲ ಪಾಠಗಳಲ್ಲಿ ಇದೂ ಒಂದು.

1952ರ ನವೆಂಬರ್ 1ರಂದು ಅಮೆರಿಕದವರು ಶಾಂತಸಾಗರದ ಎನಿವೆಟಾಕ್ ದ್ವೀಪಸಮೂಹದಲ್ಲಿ ಮೊದಲ ದೊಡ್ಡ ಜಲಜನಕ ಬಾಂಬನ್ನು ಸಿಡಿಸಿದರು. ಒಂದು ಪುಟ್ಟ ದ್ವೀಪ ಭೂಪಟದಿಂದಲೇ ಅಳಿಸಿಹೋಯಿತು. ತಮಾಷೆಯೆಂದರೆ, ಆ ಕ್ಷಣದಲ್ಲಿ ಅಮೆರಿಕದ ಕ್ಯಾಲೆಂಡರಿನಲ್ಲಿ ಇನ್ನೂ ಅಕ್ಟೋಬರ್ 31! ತಾರೀಖೆಂಬುದು ಕೂಡ ನಾವು ನಿಂತ ನೆಲವನ್ನು ಅವಲಂಬಿಸಿದುದು.

ಇವೆಲ್ಲ ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋದ ಕಥೆಗಳು. ಇನ್ನು ಕೆಲವು ಹಾಗಲ್ಲ. ಸರಕಾರಗಳೇ ಕುಳಿತು ಲೆಕ್ಕ ಹಾಕಿ, ಈ ದಿನವೇ ಆಗಲಿ ಎಂದು ಗೊತ್ತುಮಾಡಿದವು.

ಅಲಹಾಬಾದಿನ ಡಂಗುರ

ಅಂಥವುಗಳಲ್ಲಿ ಒಂದು 1858ರದು. ಆ ನವೆಂಬರ್ 1ರಂದು ಅಲಹಾಬಾದಿನಲ್ಲಿ ಲಾರ್ಡ್ ಕ್ಯಾನಿಂಗ್ ವಿಕ್ಟೋರಿಯಾ ರಾಣಿಯ ಘೋಷಣೆಯನ್ನು ಓದಿದನು. ಈಸ್ಟ್ ಇಂಡಿಯಾ ಕಂಪೆನಿಯ ಆಳ್ವಿಕೆ ಮುಗಿದು ಇಂಗ್ಲೆಂಡಿನ ಅರಸೊತ್ತಿಗೆಯ ಆಳ್ವಿಕೆ ತೊಡಗಿತು. ಪ್ರಜೆಗಳ ಧರ್ಮದಲ್ಲಿ ಕೈಹಾಕುವುದಿಲ್ಲ, ಅರಸರೊಡನೆ ಆದ ಕರಾರುಗಳನ್ನು ಮುರಿಯುವುದಿಲ್ಲ ಎಂದು ಅದರಲ್ಲಿ ಮಾತು ಕೊಡಲಾಗಿತ್ತು. ನರಗುಂದದ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿ ಆಗ ಐದು ತಿಂಗಳೂ ತುಂಬಿರಲಿಲ್ಲ.

ಕನ್ನಡನಾಡು ಅಷ್ಟರಲ್ಲಿ ತುಂಡುತುಂಡಾಗಿದ್ದಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕರಾವಳಿ ಮದ್ರಾಸಿನ ಕಡೆಗೆ ಹೋಯಿತು. 1818ರಲ್ಲಿ ಪೇಶ್ವೆಗಳು ಸೋತ ಮೇಲೆ ಧಾರವಾಡದ ಸೀಮೆ ಕಂಪೆನಿಯ ಕೈಸೇರಿ ಮುಂಬಯಿಗೆ ಅಂಟಿಕೊಂಡಿತು. ಕಲಬುರ್ಗಿ, ರಾಯಚೂರು, ಬೀದರಗಳು ನಿಜಾಮನಲ್ಲಿ ಉಳಿದವು. ಕೊಡಗು 1834ರಲ್ಲಿ ಕಂಪೆನಿಯ ವಶವಾಯಿತು. ಹೊಸ ಆಳ್ವಿಕೆ ಈ ತುಂಡುಗಳನ್ನು ಕೂಡಿಸುವುದಿರಲಿ, 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿಗೆ ಕೊಟ್ಟು, ಒಂದಾಗಿದ್ದ ಕರಾವಳಿಯನ್ನೂ ಎರಡಾಗಿಸಿತು.

ಒಂದು ದಿನ, ಎರಡು ಬಗೆ

1954ರ ನವೆಂಬರ್ 1 ಇನ್ನೂ ವಿಚಿತ್ರವಾದುದು. ಆ ದಿನ ಪುದುಚೇರಿ, ಕಾರೈಕಾಲ್, ಮಾಹೆ, ಯಾಣಂ ಈ ನಾಲ್ಕು ನೆಲೆಗಳ ಆಡಳಿತವನ್ನು ಫ್ರೆಂಚರು ಭಾರತಕ್ಕೆ ಬಿಟ್ಟುಕೊಟ್ಟರು. ಅದಕ್ಕೆ ಎರಡು ವಾರ ಮೊದಲು ಕೀಳೂರಿನಲ್ಲಿ ಸೇರಿದ 178 ಪ್ರತಿನಿಧಿಗಳಲ್ಲಿ 170 ಮಂದಿ ಭಾರತದ ಪರವಾಗಿ ಮತ ಹಾಕಿದ್ದರು. ಒಂದು ಬಾವುಟ ಇಳಿಯಿತು, ಇನ್ನೊಂದು ಏರಿತು.

ಅದೇ ದಿನ ಅದೇ ಫ್ರೆಂಚರ ಅಧೀನದಲ್ಲಿದ್ದ ಆಲ್ಜೀರಿಯದಲ್ಲಿ ಸ್ವಾತಂತ್ರ್ಯಯೋಧರ ಗುಂಡುಗಳು ಹಾರಿದವು. ಅಲ್ಲಿ ಮಾತುಕತೆಗೆ ಫ್ರೆಂಚರು ಒಪ್ಪಲಿಲ್ಲ. ಸುಮಾರು ಎಂಟು ವರ್ಷ ಘೋರ ಯುದ್ಧವಾಗಿ ಲಕ್ಷಗಟ್ಟಲೆ ಜನ ಸತ್ತರು. ಆಲ್ಜೀರಿಯ ಸ್ವತಂತ್ರವಾದುದು 1962ರ ಜುಲೈಯಲ್ಲಿ. ಪುದುಚೇರಿಯ ಹಸ್ತಾಂತರ ಕಾನೂನಿನ ಪ್ರಕಾರ ಪೂರ್ಣವಾದುದೂ ಅದೇ ವರ್ಷ, ಆಗಸ್ಟ್ 16ರಂದು. ಹೊರಟ ದಿನ ಒಂದೇ, ಮುಟ್ಟಿದ ವರ್ಷವೂ ಒಂದೇ. ದಾರಿ ಮಾತ್ರ ಬೇರೆ ಬೇರೆ.

ಎಲ್ಲರಿಗೂ ಒಂದೇ ಮುಹೂರ್ತ

ಈಗ ಮಗುವಿನ ಪ್ರಶ್ನೆಗೆ ಬರೋಣ. ಭಾಷೆಗನುಗುಣವಾಗಿ ಪ್ರಾಂತಗಳಾಗಬೇಕೆಂಬ ಬೇಡಿಕೆ ಕನ್ನಡಿಗರದು ಮಾತ್ರವಾಗಿರಲಿಲ್ಲ. ಧಾರವಾಡದಲ್ಲಿ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರಲ್ಲಿ. ಆಲೂರು ವೆಂಕಟರಾಯರಂಥವರು ತಮ್ಮ ಆಯುಷ್ಯವನ್ನೇ ಈ ಕೆಲಸಕ್ಕೆ ತೆತ್ತರು. ತೆಲುಗರೂ ಮಲೆಯಾಳಿಗಳೂ ತಮ್ಮ ತಮ್ಮ ಕಡೆಯಿಂದ ಅದನ್ನೇ ಕೇಳುತ್ತಿದ್ದರು. ಫಜಲ್ ಅಲಿ ಆಯೋಗ 1955ರಲ್ಲಿ ವರದಿ ಕೊಟ್ಟಿತು. ಮರುವರ್ಷ ರಾಜ್ಯ ಪುನರ್ವಿಂಗಡಣೆಯ ಕಾಯಿದೆಯಾಯಿತು. ಎಲ್ಲ ಬದಲಾವಣೆಗಳಿಗೂ ಒಂದೇ ದಿನವನ್ನು ಗೊತ್ತುಮಾಡಿದರು: 1956ರ ನವೆಂಬರ್ 1.

ಇದಕ್ಕೆ ಕಾರಣವೂ ಸರಳ. ಒಬ್ಬರಿಗೆ ಕೊಡಬೇಕಾದರೆ ಇನ್ನೊಬ್ಬರಿಂದ ತೆಗೆಯಬೇಕು. ಅಣ್ಣತಮ್ಮಂದಿರ ಪಾಲು ಒಂದೇ ದಿನ ಆಗದೆ ನಡೆಯದು. ಆ ಬೆಳಿಗ್ಗೆ ಭಾರತ 14 ರಾಜ್ಯಗಳೂ 6 ಕೇಂದ್ರಾಡಳಿತ ಪ್ರದೇಶಗಳೂ ಆಗಿ ಎದ್ದಿತು. ಕೇರಳ, ಆಂಧ್ರಪ್ರದೇಶ ಮತ್ತು ಇಂದಿನ ರೂಪಕ್ಕಿಂತ ದೊಡ್ಡದಾದ ಮಧ್ಯಪ್ರದೇಶಗಳು ನಮ್ಮ ಜೊತೆಗೇ ಹುಟ್ಟಿದವು. ಆದುದರಿಂದ ಪಕ್ಕದ ಮನೆಯವರು ನಮ್ಮ ಹಬ್ಬವನ್ನು ಮಾಡುತ್ತಿಲ್ಲ ಮಗು. ಅವರದೂ ನಮ್ಮದೂ ಒಂದೇ ದಿನದ ಹುಟ್ಟುಹಬ್ಬ.

ನಮ್ಮ ಪಾಲಿಗೆ ಬಂದುದೆಷ್ಟು? ಬಳ್ಳಾರಿ ಸೀಮೆಯ ಹೆಚ್ಚಿನ ಭಾಗ 1953ರಲ್ಲಿಯೇ ಮೈಸೂರಿಗೆ ಸೇರಿದ್ದಿತು. ಈಗ ಮುಂಬಯಿ ರಾಜ್ಯದಿಂದ ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡ, ಹೈದರಾಬಾದಿನಿಂದ ಕಲಬುರ್ಗಿ, ರಾಯಚೂರು, ಬೀದರ, ಮದ್ರಾಸಿನಿಂದ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ, ಇಡಿಯಾಗಿ ಕೊಡಗು. 10 ಜಿಲ್ಲೆಗಳ ಮೈಸೂರು 19 ಜಿಲ್ಲೆಗಳದಾಯಿತು. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾದರು, ರಾಜಪ್ರಮುಖರಾಗಿದ್ದ ಜಯಚಾಮರಾಜ ಒಡೆಯರು ರಾಜ್ಯಪಾಲರಾದರು.

ಗೆರೆ ಎಳೆದ ಮೇಲೆ ಆಚೆ ಉಳಿದವರೂ ಇದ್ದರು. ಕಾಸರಗೋಡು ತಾಲ್ಲೂಕು ಕೇರಳಕ್ಕೆ ಹೋಯಿತು. ಮಂಜೇಶ್ವರದ ತಮ್ಮ ಮನೆಯಲ್ಲಿದ್ದ ರಾಷ್ಟ್ರಕವಿ ಗೋವಿಂದ ಪೈಗಳು ತಮ್ಮ 73ನೆಯ ವಯಸ್ಸಿನಲ್ಲಿ, ಹೊಸ್ತಿಲು ದಾಟದೆಯೇ ಕೇರಳದವರಾದರು. ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡಿಗರು ಮುಂಬಯಿ ರಾಜ್ಯದಲ್ಲಿಯೇ ಉಳಿದರು. ಬೆಳಗಾವಿಯ ಮರಾಠಿಗರಲ್ಲಿ ಕೆಲವರಿಗೆ ಇದು ಕರಾಳ ದಿನವೆನಿಸಿತು. ಆ ವ್ಯಾಜ್ಯ 2004ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಒಂದೇ ಊರಿನಲ್ಲಿ ಒಂದೇ ತಾರೀಖು ಒಬ್ಬರಿಗೆ ಹಬ್ಬ, ಇನ್ನೊಬ್ಬರಿಗೆ ದುಃಖ. ನಮ್ಮ ಕಾಸರಗೋಡಿನ ನೋವನ್ನು ನಾವು ಬಲ್ಲೆವಾದುದರಿಂದ ಇದನ್ನೂ ಅರಿಯುವುದು ಕಷ್ಟವಾಗಬಾರದು.

ಮಲಗಿದ್ದು ರಾಜಧಾನಿಯಲ್ಲಿ

ಇನ್ನು ನಮ್ಮ ಕಥೆ. 1956ರ ಅಕ್ಟೋಬರ್ 31ರ ರಾತ್ರಿ ಮುಂಬಯಿಯ ಚಾಳೊಂದರಲ್ಲಿ ಮಲಗಿದ ಒಬ್ಬ ಧಾರವಾಡದವನನ್ನು ನೆನೆಸಿಕೊಳ್ಳಿ. ಅವನು ಮಲಗಿದ್ದು ತನ್ನ ರಾಜ್ಯದ ರಾಜಧಾನಿಯಲ್ಲಿ, ಎದ್ದದ್ದು ಪರರಾಜ್ಯದಲ್ಲಿ. ಹಾಸಿಗೆ ಅದೇ, ಚಾಳು ಅದೇ, ನಲ್ಲಿಯ ಮುಂದಿನ ಸಾಲೂ ಅದೇ.

ಹೈದರಾಬಾದಿನಲ್ಲಿದ್ದ ಕಲಬುರ್ಗಿಯವನಿಗೂ, ಮದ್ರಾಸಿನಲ್ಲಿದ್ದ ಉಡುಪಿಯವನಿಗೂ ಅಂದು ಹೀಗೆಯೇ ಆಯಿತು. ಅದುವರೆಗೆ ಧಾರವಾಡದವರ ಮೊಕದ್ದಮೆ ಮುಂಬಯಿ ಹೈಕೋರ್ಟಿಗೆ ಹೋಗುತ್ತಿತ್ತು. ಮಂಗಳೂರಿನ ಕಾಲೇಜುಗಳ ಪರೀಕ್ಷೆಗಳನ್ನು ನಡೆಸುತ್ತಿದ್ದುದು ಮದ್ರಾಸು ವಿಶ್ವವಿದ್ಯಾನಿಲಯ. ಧಾರವಾಡದ ಬೇಂದ್ರೆಯವರು 1944ರಿಂದ 1956ರ ವರೆಗೆ ಸೊಲ್ಲಾಪುರದ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದರು. ಆಗ ಅದು ಬೇರೆ ರಾಜ್ಯವಾಗಿರಲಿಲ್ಲ. ಹಳೆಯ ಮೈಸೂರಿನವರ ಮಾತು ಬೇರೆ. ಅವರು ಮುಂಬಯಿಯಲ್ಲಿ ಮೊದಲಿನಿಂದಲೂ ಹೊರಗಿನವರೇ; 1926ರಲ್ಲಿಯೇ ಅಲ್ಲಿ ಮೈಸೂರು ಅಸೋಸಿಯೇಷನ್ ಕಟ್ಟಿಕೊಂಡಿದ್ದರು. ಮಿಕ್ಕವರಲ್ಲಿ ಎಷ್ಟೋ ಮಂದಿ ಪರದೇಶಕ್ಕೆ ಬಂದವರಲ್ಲ. ತಮ್ಮದೇ ರಾಜಧಾನಿಗೆ ಹೊಟ್ಟೆಪಾಡಿಗಾಗಿ ಬಂದವರು. ಅವರು ಕದಲಲಿಲ್ಲ, ಗೆರೆ ಕದಲಿತು. ಕನ್ನಡಿಗರನ್ನೆಲ್ಲ ಒಂದುಗೂಡಿಸಿದ ದಿನವೇ ಇವರನ್ನು “ಹೊರನಾಡ ಕನ್ನಡಿಗ”ರನ್ನಾಗಿ ಮಾಡಿತು.

ಇದನ್ನು ದೂರಾಗಿ ಹೇಳುತ್ತಿಲ್ಲ. ಆ ಮೂರು ರಾಜಧಾನಿಗಳ ಕಚೇರಿಗಳಲ್ಲಿ ಕನ್ನಡ ಮೂಲೆಯಲ್ಲಿ ನಿಂತಿದ್ದಿತು. ಅದಕ್ಕೆ ತನ್ನದೇ ಮನೆ ಬೇಕಿತ್ತು. ಆದರೆ ಆ ಮನೆಗೆ ನಮ್ಮ ಹಿರಿಯರೂ ಒಂದು ಬೆಲೆ ತೆತ್ತರೆಂಬುದನ್ನು ಭಾಷಣಗಳಲ್ಲಿ ಹೇಳುವುದು ಕಡಿಮೆ.

ಇನ್ನೊಂದು ಮಾತನ್ನು ಹೇಳುವವರು ಅದಕ್ಕಿಂತಲೂ ಕಡಿಮೆ. ಗೆರೆಯ ಆಚೆ ಉಳಿದವರನ್ನು ಸಂವಿಧಾನ ಮರೆಯಲಿಲ್ಲ. ಅದೇ 1956ರ ನವೆಂಬರ್ 1ರಂದು ಜಾರಿಗೆ ಬಂದ ಏಳನೆಯ ತಿದ್ದುಪಡಿಯಿಂದ 350ಎ ಎಂಬ ವಿಧಿ ಸಂವಿಧಾನಕ್ಕೆ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ತಕ್ಕ ಅನುಕೂಲ ಒದಗಿಸಲು ಪ್ರತಿಯೊಂದು ರಾಜ್ಯವೂ ಸ್ಥಳೀಯ ಸಂಸ್ಥೆಗಳೂ ಪ್ರಯತ್ನಿಸಬೇಕೆಂದು ಅದರ ಅರ್ಥ. ಮುಂದಿನ 350ಬಿ ವಿಧಿಯಂತೆ, ಇಂಥವರ ಹಿತ ನೋಡಿ ರಾಷ್ಟ್ರಪತಿಗಳಿಗೆ ವರದಿ ಮಾಡಲು ಒಬ್ಬ ವಿಶೇಷ ಅಧಿಕಾರಿ ಇರಬೇಕು. ರಾಜ್ಯೋತ್ಸವ ನಾಡಿನೊಳಗಿನವರ ಹಬ್ಬವಾದರೆ, ಈ ಎರಡು ವಿಧಿಗಳು ಅದೇ ದಿನ ನಮಗೆ ಬಂದ ಉಡುಗೊರೆ. “ಪ್ರಯತ್ನಿಸಬೇಕು” ಎಂಬ ಮಾತು ಮೆತ್ತಗಿದೆ, ನಿಜ. ಕೇಳುವವರು ಇದ್ದರೆ ಮಾತ್ರ ಅದಕ್ಕೆ ಬಲ. ಮುಂಬಯಿ ಮಹಾನಗರಪಾಲಿಕೆ ಕನ್ನಡ ಶಾಲೆಗಳನ್ನೂ ನಡೆಸಿದೆ. ಆದರೆ ಮಕ್ಕಳನ್ನು ಕಳುಹಿಸುವವರಿಲ್ಲದಿದ್ದರೆ ಯಾವ ವಿಧಿ ತಾನೆ ಶಾಲೆಯನ್ನು ಉಳಿಸೀತು?

ಆಮೇಲೆ

ನವೆಂಬರ್ 1ರ ಕಥೆ ಅಲ್ಲಿಗೆ ನಿಲ್ಲಲಿಲ್ಲ. 1966ರಲ್ಲಿ ಇದೇ ದಿನ ಪಂಜಾಬು ಹಂಚಿಹೋಗಿ ಹರಿಯಾಣ ಹುಟ್ಟಿತು. 2000ದಲ್ಲಿ ಮಧ್ಯಪ್ರದೇಶದಿಂದ ಛತ್ತೀಸಗಢ ಬೇರೆಯಾಯಿತು. 1973ರಲ್ಲಿ, ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ, ಮೈಸೂರು ರಾಜ್ಯ ಕರ್ನಾಟಕವಾಯಿತು. ಆ ದಿನವೇ ಮಂಗಳೂರಿನ ತುಳು ಮನೆತನವೊಂದರಲ್ಲಿ ಹುಟ್ಟಿದ ಹೆಣ್ಣುಮಗು ಮುಂಬಯಿಯಲ್ಲಿ ಬೆಳೆದು ವಿಶ್ವಸುಂದರಿಯಾಯಿತು. ಐಶ್ವರ್ಯಾ ರೈ ಎಂದರೆ ಮಕ್ಕಳಿಗೂ ಗೊತ್ತು! ಇದು ಮತ್ತೆ ಕಾಗೆ ಟೊಂಗೆಯ ಕಥೆಯೇ. ಕೇಳಲು ಚೆನ್ನಾಗಿದೆ, ಅಷ್ಟೆ. 2014ರ ನವೆಂಬರ್ 1ರಿಂದ ಬೆಂಗಳೂರು, ಬೆಳಗಾವಿ, ಕಲಬುರಗಿ ಮೊದಲಾದ 12 ಊರುಗಳ ಹೆಸರುಗಳು ನಾವು ಮನೆಯಲ್ಲಿ ಆಡುವ ರೂಪಕ್ಕೆ ಬಂದವು.

ವಾಚಕರಲ್ಲಿ ಒಂದು ವಿನಂತಿ. ಈ ಸಲದ ರಾಜ್ಯೋತ್ಸವಕ್ಕೆ ಮುಂಚೆ ಮನೆಯ ಹಳೆಯ ಟ್ರಂಕನ್ನು ಒಮ್ಮೆ ತೆಗೆಯಿರಿ. ಅಜ್ಜನ ಶಾಲೆಯ ಸರ್ಟಿಫಿಕೇಟೋ, ಹೊಲದ ಕಾಗದವೋ ಸಿಕ್ಕಿದರೆ, ಅದರ ಮೇಲೆ ಯಾವ ಸರಕಾರದ ಮುದ್ರೆಯಿದೆಯೆಂದು ಮಕ್ಕಳಿಗೆ ತೋರಿಸಿ. ಹಿರಿಯರಿದ್ದರೆ ಕೇಳಿ: ನೀವು ಈ ಊರಿಗೆ ಬಂದ ವರ್ಷ ಯಾವುದು, ಆಗ ನಮ್ಮ ಊರು ಯಾವ ರಾಜ್ಯದಲ್ಲಿತ್ತು, 1956ರ ಆ ದಿನ ನೀವೆಲ್ಲಿದ್ದಿರಿ? ಹೇಳಿದುದನ್ನು ಒಂದು ಪುಟದಲ್ಲಿ ಬರೆದಿಡಿ. ಹೇಳಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಅದಾದ ಮೇಲೆ ಒಂದು ಡಬ್ಬಿಯಲ್ಲಿ ಸಿಹಿಯನ್ನು ತುಂಬಿ ಪಕ್ಕದ ಮನೆಗೂ ಕಳುಹಿಸಿ. ಅವರ ಹುಟ್ಟುಹಬ್ಬವೂ ಅಂದೇ ಅಲ್ಲವೆ?