ಹಿಂಡಿನ ಸುದ್ದಿ ಹೇಳುವ ಗಂಟೆ

ಉತ್ತರ ಕನ್ನಡ ಎಂದೊಡನೆ ಕಡಲು, ಅಡಿಕೆ ತೋಟ, ಜಲಪಾತಗಳೇ ಕಣ್ಣಿಗೆ ಕಟ್ಟುತ್ತವೆ. ಹಳಿಯಾಳ, ದಾಂಡೇಲಿ, ಜೊಯಿಡಾ, ಮುಂಡಗೋಡ ತಾಲ್ಲೂಕುಗಳ ಕಡೆ ತಿರುಗಿದರೆ ಎದುರಾಗುವುದು ಇನ್ನೊಂದೇ ಜಿಲ್ಲೆ. ಪಡುವಣಕ್ಕೆ ಜೊಯಿಡಾ, ದಾಂಡೇಲಿಯ ದಟ್ಟ ಕಾಡು. ಮೂಡಣಕ್ಕೆ ಧಾರವಾಡ, ಹಾವೇರಿ ಜಿಲ್ಲೆಗಳಿಗೆ ಅಂಟಿಕೊಂಡ ಭತ್ತ, ಗೋವಿನಜೋಳ, ಕಬ್ಬಿನ ಹೊಲಗಳು. ಕಾಡಂಚಿನಲ್ಲಿ ಗೌಳಿಗರ ಎಮ್ಮೆಗಳು ಮೇಯುತ್ತವೆ, ಬಯಲಿನಲ್ಲಿ ಕುರಿ, ಆಡು. ಎರಡೂ ಕಡೆ ಕೊರಳಲ್ಲಿ ಗಂಟೆ ಇದೆ. ಆದರೆ ಒಂದು ಮರದ್ದು, ಇನ್ನೊಂದು ಹಿತ್ತಾಳೆಯದು. ಈ ವ್ಯತ್ಯಾಸ ಬಡತನ, ಸಿರಿವಂತಿಕೆಯಿಂದ ಮಾತ್ರ ಬಂದದ್ದಲ್ಲ.

ಮೊದಲು ಹಿತ್ತಾಳೆಯ ಗಂಟೆ. ಹಿಂಡಿನಲ್ಲಿ ಎಲ್ಲ ಕುರಿಗಳಿಗೂ ಗಂಟೆ ಕಟ್ಟುವುದಿಲ್ಲ. ಕಟ್ಟಿದರೆ ಗದ್ದಲವೇ ಹೊರತು ಸುದ್ದಿ ಸಿಗದು. ಮುಂದೆ ನಡೆಯುವ ಹೋತಕ್ಕೊಂದು, ಟಗರಿಗೊಂದು, ಗುಂಪು ಬಿಟ್ಟು ಅಡ್ಡಾಡುವ ಚಾಳಿಯ ಒಂದೆರಡು ಆಡುಗಳಿಗೆ ಒಂದೊಂದು. ಕುರಿ ತಲೆ ತಗ್ಗಿಸಿ ಮೇಯುವ ಪ್ರಾಣಿ, ಅದರ ಗಂಟೆ ಒಂದೇ ಸಮನೆ ಮೆಲ್ಲಗೆ ಆಡುತ್ತದೆ. ಆಡು ಹಾಗಲ್ಲ. ಹಿಂಗಾಲ ಮೇಲೆ ನಿಂತು ಗಿಡದ ಚಿಗುರಿಗೆ ಬಾಯಿ ಹಾಕುವಾಗ, ಟೊಂಗೆ ಜಗ್ಗುವಾಗ, ಬೇಲಿ ಹಾರುವಾಗ ಗಂಟೆಯ ಸದ್ದು ತಟ್ಟನೆ ಬದಲಾಗುತ್ತದೆ. ಮರದ ನೆರಳಲ್ಲಿ ಕಂಬಳಿ ಹಾಸಿ ಕುಳಿತ ಕುರುಬನಿಗೆ ಅಷ್ಟು ಸಾಕು, ಯಾರದೋ ಜೋಳಕ್ಕೆ ಆಡು ನುಗ್ಗಿತೆಂದು ಎದ್ದು ಓಡುತ್ತಾನೆ. ಎಲ್ಲ ಗಂಟೆಗಳೂ ಒಮ್ಮೆಗೇ ಬಡಬಡಿಸಿದರೆ ನಾಯಿಯೋ ತೋಳವೋ ಬಂತೆಂದು ಅರ್ಥ. ಎಲ್ಲವೂ ಒಮ್ಮೆಗೇ ನಿಂತರೂ ಅನುಮಾನವೇ. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕಾಗಿ ರಾತ್ರಿ ಕುರಿ ನಿಲ್ಲಿಸಿದಾಗಲಂತೂ ಕತ್ತಲಲ್ಲಿ ಕಾವಲು ಕಾಯುವುದು ಕಣ್ಣಲ್ಲ, ಕಿವಿ.

ಇಂಥ ಗಂಟೆಯನ್ನು ಎರಕ ಹೊಯ್ಯುವುದು ಕಂಚಗಾರರ ಕಸುಬು. ಪಾಂಚಾಳರ ಐದು ಕಸುಬುಗಳಲ್ಲಿ ಇದೂ ಒಂದು. ನಾಗಮಂಗಲ, ಉಡುಪಿಯ ಎರಕದವರು ವಿಗ್ರಹ, ದೀಪಗಳಿಂದ ಹೆಸರಾದರು. ದನಕರುಗಳ ಗಂಟೆ ಮಾಡಿದವರಿಗೆ ಆ ಭಾಗ್ಯವಿಲ್ಲ, ಅವರ ಕೆಲಸ ಸಂತೆಯಲ್ಲಿ ತೂಕಕ್ಕೆ ಮಾರಿಹೋಯಿತು. ಕೆಲಸವೇನೋ ಎರಡೂ ಒಂದೇ. ಜರಡಿ ಹಿಡಿದ ಮಣ್ಣಿಗೆ ಸಗಣಿ, ಭತ್ತದ ಹೊಟ್ಟು ಕಲಸಿ ಗಂಟೆಯ ಒಳಹೊಟ್ಟೆಯಷ್ಟು ಉಂಡೆ ಮಾಡಿ ಒಣಗಿಸುತ್ತಾರೆ. ಅದರ ಮೇಲೆ ರಾಳ ಬೆರೆಸಿದ ಜೇನುಮೇಣ ಹೊದಿಸುತ್ತಾರೆ. ಮೇಣ ಎಷ್ಟು ದಪ್ಪವೋ ನಾಳೆ ಗಂಟೆಯೂ ಅಷ್ಟೇ ದಪ್ಪ. ಕೊರಳಪಟ್ಟಿ ಪೋಣಿಸುವ ಕಿವಿ, ಅಂಚಿನ ಗೆರೆ ಎಲ್ಲವನ್ನೂ ಮೇಣದಲ್ಲೇ ತೀಡಿ, ಮೇಲೆ ನಯವಾದ ಮಣ್ಣಿನ ತೆಳುಲೇಪ, ಆಮೇಲೆ ಒರಟು ಮಣ್ಣು. ಅಚ್ಚನ್ನು ಕಾಯಿಸಿದರೆ ಮೇಣ ಕರಗಿ ಹರಿದುಹೋಗಿ ಗಂಟೆಯ ಆಕಾರದ ಟೊಳ್ಳು ಉಳಿಯುತ್ತದೆ. ಆ ಟೊಳ್ಳಿಗೆ ಲೋಹ ಹೊಯ್ಯುತ್ತಾರೆ. ಅಚ್ಚು ಒಡೆದೇ ಗಂಟೆ ತೆಗೆಯಬೇಕಾದ್ದರಿಂದ ಒಂದು ಅಚ್ಚಿಗೆ ಒಂದೇ ಗಂಟೆ. ಹೆಚ್ಚು ಮಾಲು ಬೇಕಾದಾಗ ಮರಳಿನ ಅಚ್ಚು ಬಳಸುವುದುಂಟು.

ಕಷ್ಟವಿರುವುದು ಮೂಸೆಯ ಹತ್ತಿರ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಬೇಕು; ಸತು 907 ಡಿಗ್ರಿಗೇ ಕುದಿದು ಆವಿಯಾಗುತ್ತದೆ. ಹಾಗಾಗಿ ಮೊದಲು ತಾಮ್ರ ಕರಗಿಸಿ, ಸತುವನ್ನು ಕೊನೆಗೆ ಹಾಕಿ, ಇದ್ದಿಲ ಪುಡಿ ಮುಚ್ಚಿ ಬೇಗ ಹೊಯ್ದುಬಿಡಬೇಕು. ತಡವಾದರೆ ಬಿಳಿ ಹೊಗೆ ಏಳುತ್ತದೆ. ಅದು ಹಾರಿಹೋಗುತ್ತಿರುವ ಸತು. ಆ ಹೊಗೆ ಎದೆಗೆ ಹೊಕ್ಕರೆ ರಾತ್ರಿ ಚಳಿಜ್ವರ. ಹಳೆಯ ಕೊಡ, ಮುರಿದ ನಲ್ಲಿ ಕರಗಿಸಿ ಹೊಯ್ಯುವವರಿಗೆ ಬೆರಕೆಯ ತಾಪತ್ರಯ ಬೇರೆ.

ನಾದಕ್ಕೆ ಕಂಚೇ ಮೇಲು, ಅನುಮಾನವಿಲ್ಲ. ನಾಲ್ಕು ಪಾಲು ತಾಮ್ರಕ್ಕೆ ಸುಮಾರು ಒಂದು ಪಾಲು ತವರ ಬಿದ್ದ ಗಂಟೆ ಬಹಳ ಹೊತ್ತು ಅನುರಣಿಸುತ್ತದೆ. ಆದರೆ ಕಲ್ಲಿಗೆ ಬಡಿದರೆ ಬಿರುಕು ಬಿಡುತ್ತದೆ, ತವರವೂ ದುಬಾರಿ. ಗುಡಿಯಲ್ಲಿ ತೂಗುವ ಗಂಟೆಗೆ ಅದು ಸರಿ. ದಿನವಿಡೀ ಕಲ್ಲು, ಕೊಂಬು, ಬೇಲಿಗೂಟಕ್ಕೆ ತಾಗುವ ಆಡಿನ ಗಂಟೆಗೆ ಹಿತ್ತಾಳೆಯೇ ತಾಳುತ್ತದೆ. ಗಾತ್ರ ಹಿರಿದಾದಷ್ಟೂ ಸ್ವರ ತಗ್ಗುತ್ತದೆ. ಒಂದೇ ಗಾತ್ರದಲ್ಲಿ ಅಂಚು ದಪ್ಪವಾದಷ್ಟೂ ಸ್ವರ ಏರುತ್ತದೆ. ಅದಕ್ಕೇ ಒಂದೇ ಬುಟ್ಟಿಯ ಎರಡು ಗಂಟೆಗಳು ಒಂದೇ ರೀತಿ ನುಡಿಯುವುದಿಲ್ಲ, ಕುರಿಗಾರನಿಗೆ ಬೇಕಾದದ್ದೂ ಅದೇ.

ಕಾಡಿಗೆ ಬಂದರೆ ಲೆಕ್ಕ ತಿರುಗುತ್ತದೆ. ಗೌಳಿಗರು ಪಶ್ಚಿಮ ಮಹಾರಾಷ್ಟ್ರದಿಂದ ಎಮ್ಮೆಗಳ ಜತೆ ಬಂದು ಇಲ್ಲಿ ನೆಲೆಯೂರಿದವರು. ಹಳ್ಳಿಗಳಿಂದ ದೂರ ಗೌಳಿವಾಡಗಳಲ್ಲಿ ವಾಸ, ಹಾಲು ತುಪ್ಪವೇ ಜೀವನ. ಮಳೆಗಾಲದಲ್ಲಿ ನೆನೆದು ನಿಂತ ಎಲೆಗಳ ನಡುವೆ ಹಿತ್ತಾಳೆಯ ಸಣ್ಣ ಕಿಣಿಕಿಣಿ ಬೇಗ ಕರಗಿಹೋಗುತ್ತದೆ, ಮರದ ಗಂಟೆಯ ತಗ್ಗಿನ ಸದ್ದು ಪೊದೆ, ಎಲೆ ದಾಟಿ ಬರುತ್ತದೆ. ಮಲೆನಾಡಿನ ಕೆಲವೆಡೆ ದೊಂಟೆ ಎನ್ನುವುದು ಇದನ್ನೇ. ಒಣಗಿದ ಮರದ ತುಂಡನ್ನು ಉಳಿಯಿಂದ ಕೊರೆದು ಪೊಳ್ಳು ಮಾಡಿ, ಮರದ್ದೇ ನಾಲಿಗೆ ಇಳಿಬಿಡುತ್ತಾರೆ; ಬಿದಿರಿನದೂ ಉಂಟು. ದನ ಕಾಯುವವನೇ ಕಾಯುತ್ತ ಕುಳಿತಲ್ಲಿ ಮಾಡಿಕೊಳ್ಳುವ ವಸ್ತು ಇದು, ಖರ್ಚಿಲ್ಲ. ಕಂಚಗಾರನ ಗಂಟೆಯ ಮುಂದೆ ಇದನ್ನು ಕೀಳೆನ್ನುವವರು ಕಾಡಿನಲ್ಲಿ ಎಮ್ಮೆ ಹುಡುಕಿದವರಲ್ಲ.

ಮೂರನೆಯದೊಂದು ಜಾತಿಯಿದೆ, ಅದು ನಮ್ಮದಲ್ಲ. ಗುಜರಾತಿನ ಕಛ್‌ನ ಝುರಾ, ನಿರೋಣಾ ಊರುಗಳ ಲೋಹಾರರು ಗುಜರಿ ಕಬ್ಬಿಣದ ತಗಡನ್ನು ಬಡಿದು ಬಾಗಿಸಿ ಗಂಟೆ ಮಾಡುತ್ತಾರೆ. ಬೆಸುಗೆಯಿಲ್ಲ. ಮೇಲೆ ತಾಮ್ರದ ಪುಡಿ ಸವರಿ, ಹತ್ತಿ ಕಲಸಿದ ಮಣ್ಣು ಸುತ್ತಿ ಕುಲುಮೆಗೆ ಇಟ್ಟರೆ ತಾಮ್ರ ಕರಗಿ ಕಬ್ಬಿಣಕ್ಕೆ ಅಂಟುತ್ತದೆ. ಅಂಚನ್ನು ಸುತ್ತಿಗೆಯಿಂದ ತಟ್ಟಿ ತಟ್ಟಿ ಸ್ವರ ಕೂಡಿಸುತ್ತಾರೆ. ವಿಚಿತ್ರವೆಂದರೆ ಪೋರ್ಚುಗಲ್ಲಿನ ಅಲ್ಕಾಸೊವಾಸ್‌ನಲ್ಲೂ ಬಹುಮಟ್ಟಿಗೆ ಇದೇ ವಿಧಾನ: ಕಬ್ಬಿಣ, ಹಿತ್ತಾಳೆಯ ಚೂರು, ಮಣ್ಣಿನ ಹೊದಿಕೆ, ಬೆಂಕಿ. ಯುನೆಸ್ಕೊ 2015ರಲ್ಲಿ ಆ ಕಸುಬನ್ನು ತುರ್ತಾಗಿ ಉಳಿಸಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಅಲ್ಲಿ ಬೇಲಿ, ವಾಹನ ಬಂದು ಕುರಿಗಾರರು ಕಡಿಮೆಯಾದರು. ಗಂಟೆ ಮಾಡುವವರೂ ಕಡಿಮೆಯಾದರು.

ಇಲ್ಲಿಯೂ ಕಾರಣಗಳು ಹತ್ತಿರದವೇ. ದಾಂಡೇಲಿ ಮತ್ತು ಅಣಶಿಯ ಕಾಡು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಲ್ಲಿ ಕಾಳಿ ಎಂಬ ಹೆಸರು ಪಡೆಯಿತು. ಕಾಡಿನೊಳಗೆ ಮೇಯಿಸುವ ಜಾಗ ಕುಗ್ಗಿದೆ. ಹುಲಿಗೆ ಕಾಡು ಬೇಕು, ಅದರಲ್ಲಿ ಎರಡು ಮಾತಿಲ್ಲ. ಗೌಳಿಗರ ಎಮ್ಮೆಗೆ ಎಲ್ಲಿ ಹುಲ್ಲು ಎಂಬುದಕ್ಕೂ ಯಾರಾದರೂ ಉತ್ತರ ಹೇಳಬೇಕು. ಇನ್ನು ಹಿತ್ತಾಳೆ ಗಂಟೆಗೆ ಪೈಪೋಟಿ ಬಂದಿರುವುದು ಉತ್ತರದಿಂದ. ಉತ್ತರ ಪ್ರದೇಶದ ಏಟಾ ಜಿಲ್ಲೆಯ ಜಲೇಸರ್‌ನಲ್ಲಿ ಗಂಟೆ, ಗೆಜ್ಜೆಗಳದೇ ದೊಡ್ಡ ಉದ್ಯಮವಿದೆ. ಅಯೋಧ್ಯೆಯ ರಾಮಮಂದಿರಕ್ಕೆ 2,100 ಕಿಲೊ ತೂಕದ ಗಂಟೆ ಎರಕವಾದದ್ದು ಅಲ್ಲೇ. ಅಲ್ಲಿಯವರಷ್ಟು ಅಗ್ಗಕ್ಕೆ ಒಂದು ಅಚ್ಚಿಗೆ ಒಂದು ಗಂಟೆ ಹೊಯ್ಯುವವನು ಮಾರಲಾರ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮುಂಡಗೋಡದ ಟಿಬೆಟನ್ ವಸತಿಗೆ (1966ರಲ್ಲಿ ಶುರುವಾದದ್ದು) ಹೋದವರು ಗಾಂದೆನ್, ಡ್ರೆಪುಂಗ್ ಮಠಗಳ ಲಾಮಾಗಳು ಎಡಗೈಯಲ್ಲಿ ಹಿಡಿಯುವ ಕಂಚಿನ ಗಂಟೆಯನ್ನು ನೋಡಿ, ಫೋಟೊ ತೆಗೆದು ಬರುತ್ತಾರೆ. ಅದೇ ದಾರಿಯಲ್ಲಿ ಅಡ್ಡ ಬಂದ ಕುರಿಹಿಂಡಿಗೆ ಹಾರ್ನ್ ಹೊಡೆಯುತ್ತಾರೆ.

ಹಿಂಡಿನ ಗಂಟೆ ಈಗಲೂ ಉಪಯೋಗ ಇರುವ ಸಾಮಾನು. ಗೊಂಡೆ ಕಟ್ಟಿ ಗೋಡೆಗೆ ತೂಗುಹಾಕುವುದಕ್ಕಿಂತ ಆಡಿನ ಕೊರಳಲ್ಲಿದ್ದರೆ ಚೆನ್ನ. ಸಂತೆಯಲ್ಲಿ ಕೊಳ್ಳುವವರು ತೂಕ, ಹೊಳಪು ನೋಡಿ ಮೋಸಹೋಗಬೇಡಿ. ಗಂಟೆಯ ಕಿವಿಯಲ್ಲಿ ಬೆರಳು ತೂರಿಸಿ ಹಿಡಿದು, ಅಂಚಿಗೆ ಮೊಳೆಯಿಂದ ತಟ್ಟಿ. ನಾದ ತಟ್ಟನೆ ಕಡಿದುಹೋದರೆ ಬಿರುಕಿದೆ ಅಥವಾ ಎರಕದಲ್ಲಿ ಗುಳ್ಳೆಯಿದೆ. ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಗಂಟೆ ಬಿದ್ದಿದ್ದರೆ ಗುಜರಿಗೆ ಹಾಕುವ ಮುನ್ನ ಒಮ್ಮೆ ನೋಡಿ. ಬಹಳಷ್ಟು ಸಲ ಸವೆದಿರುವುದು ಕಬ್ಬಿಣದ ನಾಲಿಗೆ ಮಾತ್ರ. ಕಮ್ಮಾರಸಾಲೆಯಲ್ಲಿ ಹೊಸ ನಾಲಿಗೆ ಹಾಕಿಸಿದರೆ ಗಂಟೆ ಇನ್ನೊಂದು ತಲೆಮಾರು ಬಾಳುತ್ತದೆ.